60ರ ನಂತರ ರಿಮೋಟ್ ಹಿಡಿಯುವುದು ಹೇಗೆ?

ರಿಮೋಟ್‌ನಿಂದ ಹಾರಿಸುವ ಪುಟ್ಟ ವಿಮಾನ ನಮ್ಮಿಂದ ದೂರ ಹೋಗುತ್ತಿರುವಾಗ ರಿಮೋಟ್‌ನ ಸ್ಟಿಕ್ ಎಡಕ್ಕೆ ಒತ್ತಿದರೆ ಅದು ನಮ್ಮ ಎಡಕ್ಕೇ ವಾಲುತ್ತದೆ. ಅದೇ ವಿಮಾನ ತಿರುಗಿ ನಮ್ಮ ಕಡೆ ಬರುತ್ತಿರುವಾಗ ಎಡಕ್ಕೆ ಒತ್ತಿ ನೋಡಿ, ನಮ್ಮ ಬಲಕ್ಕೆ ವಾಲುತ್ತದೆ! ಡ್ರೋನ್ ಆದರೂ ಇದೇ ಕಥೆ. ಈ ಹವ್ಯಾಸದ ಕಷ್ಟದಲ್ಲಿ ಮುಕ್ಕಾಲು ಪಾಲು ಇದೊಂದೇ. ಇಪ್ಪತ್ತರ ಹುಡುಗನೂ ಇಲ್ಲೇ ಎಡವುತ್ತಾನೆ, ಎಪ್ಪತ್ತರ ಅಜ್ಜನೂ ಇಲ್ಲೇ. ಹುಡುಗ ಹತ್ತು ದಿನದಲ್ಲಿ ಕಲಿತರೆ ನಮಗೆ ಒಂದೆರಡು ತಿಂಗಳು ಬೇಕಾಗಬಹುದು. ನಿವೃತ್ತರಿಗೆ ತಿಂಗಳುಗಳಿಗೇನು ಬರ, ಅಲ್ವಾ?

"ಕಣ್ಣು ಮೊದಲಿನ ಹಾಗಿಲ್ಲ" ಅನ್ನುವವರಿಗೆ ನಾನು ಮೇನಾರ್ಡ್ ಹಿಲ್ ಕಥೆ ಹೇಳುತ್ತೇನೆ. ಈ ಅಮೆರಿಕನ್ ಎಂಜಿನಿಯರ್ ಮತ್ತು ಅವರ ಗೆಳೆಯರು ಕಟ್ಟಿದ ಮಾಡೆಲ್ ವಿಮಾನ 2003ರ ಆಗಸ್ಟ್‌ನಲ್ಲಿ ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಿಂದ ಹೊರಟು, ಅಟ್ಲಾಂಟಿಕ್ ಸಾಗರ ದಾಟಿ ಐರ್ಲೆಂಡ್‌ನಲ್ಲಿ ಇಳಿಯಿತು. ದೂರ ಸುಮಾರು 3,000 ಕಿ.ಮೀ. ಹಿಡಿದ ಸಮಯ 38 ಗಂಟೆ 52 ನಿಮಿಷ. ಇಂಧನ ಸೇರಿಸಿದರೂ ವಿಮಾನದ ತೂಕ 5 ಕಿಲೋ ದಾಟುತ್ತಿರಲಿಲ್ಲ. ಆಗ ಹಿಲ್ ಅವರಿಗೆ 77 ವರ್ಷ. ಕಣ್ಣು ಹೆಚ್ಚುಕಡಿಮೆ ಹೋಗಿತ್ತು, ಕಿವಿಯೂ ಮಂದ. ನಾವು ಸಾಗರ ದಾಟಬೇಕಾಗಿಲ್ಲ. ಮೈದಾನದ ಆ ತುದಿಗೆ ಹೋಗಿ ವಾಪಸ್ ಬಂದರೆ ಸಾಕು.

ಮೊದಲು: ಡ್ರೋನೋ, ವಿಮಾನವೋ?

ಡ್ರೋನ್ ಸುಲಭ, ವಿಮಾನ ಕಷ್ಟ ಅನ್ನುವ ಮಾತಿದೆ. ಅದು ಅರ್ಧ ನಿಜ. ಜಿಪಿಎಸ್ ಇರುವ ಕ್ಯಾಮೆರಾ ಡ್ರೋನ್‌ನಲ್ಲಿ ಗಾಬರಿಯಾದರೆ ಎರಡೂ ಕೈ ಬಿಟ್ಟುಬಿಡಬಹುದು. ಅದು ಇದ್ದಲ್ಲೇ ನಿಂತು ನಿಮಗಾಗಿ ಕಾಯುತ್ತದೆ. ವಿಮಾನ ಕಾಯುವುದಿಲ್ಲ. ನೀವು ಯೋಚಿಸುತ್ತ ನಿಂತರೂ ಅದು ಮುಂದೆ ಹೋಗುತ್ತಲೇ ಇರುತ್ತದೆ. ಆದರೆ ಡ್ರೋನ್ ಹಾರುವುದು ಬಹುಪಾಲು ತನ್ನಷ್ಟಕ್ಕೆ ತಾನೇ, ವಿಮಾನವನ್ನು ಹಾರಿಸುವುದು ನಾವು. ಫೋಟೊ, ವಿಡಿಯೊ ಇಷ್ಟವಿದ್ದರೆ ಡ್ರೋನ್ ತೆಗೆದುಕೊಳ್ಳಿ. ಅಂಟು, ಬ್ಲೇಡು, ಸ್ಕ್ರೂಡ್ರೈವರ್ ಹಿಡಿದು ಕೂರುವ ಖುಷಿ ಗೊತ್ತಿದ್ದವರಿಗೆ ವಿಮಾನವೇ ಸರಿ.

ಇವೆರಡರ ಗೊಡವೆಯೇ ಬೇಡ ಅನ್ನುವವರಿಗೆ ರಬ್ಬರ್ ಬ್ಯಾಂಡಿನ ವಿಮಾನವಿದೆ. ಫ್ರಾನ್ಸಿನ ಅಲ್ಫೋನ್ಸ್ ಪೆನೋ 1871ರಲ್ಲಿ ಪ್ಯಾರಿಸ್‌ನ ಉದ್ಯಾನವೊಂದರಲ್ಲಿ ಇಂಥದ್ದನ್ನು 11 ಸೆಕೆಂಡ್ ಹಾರಿಸಿ ತೋರಿಸಿದ್ದ. ಬ್ಯಾಟರಿ ಇಲ್ಲ, ರಿಮೋಟ್ ಇಲ್ಲ. ಸುತ್ತಿ ಬಿಟ್ಟರಾಯಿತು. ಹಿಂದೆ ಓಡಲು ಕಾಲಿನ ಸಹಕಾರ ಬೇಕು, ಅಷ್ಟೇ.

ವಿಮಾನವೇ ಆದರೆ ಫೋಮ್‌ನದು, ರೆಕ್ಕೆ ಮೈಯ ಮೇಲುಗಡೆ ಕೂತಿರುವ "ಟ್ರೇನರ್" ಇರಲಿ. ರೆಕ್ಕೆ ಮೇಲಿರುವುದರಿಂದ, ಅದರ ತುದಿಗಳು ತುಸು ಮೇಲಕ್ಕೆ ಎದ್ದಿರುವುದರಿಂದ, ಸ್ಟಿಕ್ ಬಿಟ್ಟರೆ ತಾನೇ ನೇರವಾಗುತ್ತದೆ. ಬಿದ್ದು ಮುರಿದರೆ ಅಂಟು ಹಾಕಿ ಅದೇ ದಿನ ಮತ್ತೆ ಹಾರಿಸಬಹುದು. ರೆಕ್ಕೆ ಒಂದೂಕಾಲು ಮೀಟರ್‌ಗಿಂತ ಕಡಿಮೆ ಬೇಡ. ಚಿಕ್ಕದು ಮುದ್ದಾಗಿರುತ್ತದೆ, ನಿಜ. ಆದರೆ ಬೇಗ ಚುಕ್ಕೆಯಾಗಿಬಿಡುತ್ತದೆ, ಗಾಳಿಗೂ ಜಾಸ್ತಿ ಕುಣಿಯುತ್ತದೆ. ರೆಕ್ಕೆಯ ಮೇಲ್ಭಾಗಕ್ಕೆ ಒಂದು ಬಣ್ಣ, ಕೆಳಭಾಗಕ್ಕೆ ಕಪ್ಪು ಪಟ್ಟೆ ಹಾಕಿ. ಹೊಟ್ಟೆ ಯಾವುದು, ಬೆನ್ನು ಯಾವುದು ಅಂತ ದೂರದಿಂದಲೂ ತಿಳಿಯಬೇಕು.

ರಿಮೋಟ್ ಕೊಳ್ಳುವ ಮುಂಚೆ "ಮೋಡ್" ಕೇಳಿ. ಮೋಡ್ 2ರಲ್ಲಿ ಥ್ರಾಟಲ್ (ಮೋಟರ್ ವೇಗ ಹೆಚ್ಚು ಕಡಿಮೆ ಮಾಡುವುದು) ಎಡಗೈಗೆ, ಮೋಡ್ 1ರಲ್ಲಿ ಬಲಗೈಗೆ. ಯಾವುದಾದರೂ ಆದೀತು. ಆದರೆ ನಿಮಗೆ ಕಲಿಸುವವರದ್ದು ಯಾವುದೋ ಅದೇ ನಿಮ್ಮದೂ ಆಗಿರಲಿ. ಆಮೇಲೆ ಬದಲಿಸುವುದು ಎಡಗೈಯಲ್ಲಿ ಬರೆಯಲು ಕಲಿತ ಹಾಗೆ.

ಕಣ್ಣು, ಕುತ್ತಿಗೆ, ಬೆರಳು

ಯುವಕರಿಗೆ ಬರೆದ ಕೈಪಿಡಿಗಳಲ್ಲಿ ಈ ಅಧ್ಯಾಯ ಇರುವುದೇ ಇಲ್ಲ. ನಮಗೆ ಇದೇ ಮುಖ್ಯ.

ಪ್ರೋಗ್ರೆಸ್ಸಿವ್ ಕನ್ನಡಕ (ಒಂದೇ ಗಾಜಿನಲ್ಲಿ ಮೇಲೆ ದೂರಕ್ಕೆ, ಕೆಳಗೆ ಓದಲು) ಹಾಕಿಕೊಂಡು ವಿಮಾನ ಹಾರಿಸಬೇಡಿ. ತಲೆ ಹಿಂದಕ್ಕೆ ವಾಲಿಸಿದಾಗ ಕಣ್ಣು ಓದುವ ಭಾಗದಿಂದ ನೋಡತೊಡಗುತ್ತದೆ, ವಿಮಾನ ಮಸುಕಾಗುತ್ತದೆ. ನನ್ನ ಮೊದಲ ವಿಮಾನ ಹೋಗಿದ್ದು ಹೀಗೆಯೇ. ಗಾಳಿಯನ್ನು ಬೈದೆ, ಮೋಟರನ್ನು ಬೈದೆ, ಕನ್ನಡಕದ ಮೇಲೆ ಅನುಮಾನವೇ ಬರಲಿಲ್ಲ. ದೂರದ ನೋಟಕ್ಕೆ ಮಾತ್ರ ಇರುವ ಒಂದು ಜೊತೆ ಮಾಡಿಸಿಕೊಳ್ಳಿ. ಡ್ರೋನಿಗೆ ಹಳೆಯ ಗೆರೆ ಬೈಫೋಕಲ್ ಚೆನ್ನಾಗಿಯೇ ಒಗ್ಗುತ್ತದೆ: ಮೇಲೆ ಆಕಾಶ, ಕೆಳಗೆ ಪರದೆ. ಪೋಲರೈಸ್ಡ್ ತಂಪು ಕನ್ನಡಕದಲ್ಲಿ ಕೆಲವು ಪರದೆಗಳು ಕಪ್ಪಾಗಿ ಕಾಣುತ್ತವೆ. ಮನೆಯಲ್ಲೇ ಒಮ್ಮೆ ಹಾಕಿ ನೋಡಿ.

ಸೂರ್ಯ ಬೆನ್ನ ಹಿಂದೆ ಇರುವ ಹಾಗೆ ನಿಲ್ಲಿ. ತಲೆಯ ನೇರ ಮೇಲೆ ಹಾರಿಸಬೇಡಿ. ಕುತ್ತಿಗೆ ಸವೆತ ಇರುವವರಿಗೆ ಮೇಲೆ ನೋಡುತ್ತ ನೋಡುತ್ತ ತಲೆ ಸುತ್ತುವುದುಂಟು. ಎದುರಿಗೆ, ಅರ್ಧ ಆಕಾಶದ ಎತ್ತರದಲ್ಲಿ ಓಡಾಡಿಸಿದರೆ ಕುತ್ತಿಗೆಗೂ ಹಿತ, ವಿಮಾನದ ಪಕ್ಕದ ಆಕಾರವೂ ಸರಿಯಾಗಿ ಕಾಣುತ್ತದೆ.

ಬೆರಳು ನಡುಗಿದರೆ ನಾಚಿಕೆ ಬೇಡ, ಅದಕ್ಕೆ ರಿಮೋಟ್‌ನಲ್ಲೇ ಮದ್ದಿದೆ. "ಎಕ್ಸ್‌ಪೋ" ಅನ್ನುವ ಸೆಟ್ಟಿಂಗ್ ಅನ್ನು 30%ರ ಆಸುಪಾಸಿಗೆ ಇಟ್ಟರೆ ಸ್ಟಿಕ್‌ನ ನಡುಭಾಗ ಮೆತ್ತಗಾಗುತ್ತದೆ. ಸಣ್ಣ ನಡುಕ ವಿಮಾನಕ್ಕೆ ಅಷ್ಟಾಗಿ ತಲುಪುವುದಿಲ್ಲ. ರಿಮೋಟ್ ಅನ್ನು ಪಟ್ಟಿಯಿಂದ ಕುತ್ತಿಗೆಗೆ ನೇತುಹಾಕಿ. ಬರೀ ಹೆಬ್ಬೆರಳಿನಿಂದ ಒತ್ತುವ ಬದಲು ಹೆಬ್ಬೆರಳು, ತೋರುಬೆರಳು ಎರಡರಿಂದ ಸ್ಟಿಕ್ಕನ್ನು ಚಿವುಟಿ ಹಿಡಿದರೆ ಹಿಡಿತ ಇನ್ನೂ ನಿಖರ.

ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಪ್ರೊಪೆಲ್ಲರ್ ಬಗ್ಗೆ ಎರಡು ಪಟ್ಟು ಎಚ್ಚರ ವಹಿಸಿ. ವಿದ್ಯುತ್ ಮೋಟರ್ ಬೆರಳಿಗೆ ತಾಗಿದ ಕೂಡಲೇ ನಿಲ್ಲುವುದಿಲ್ಲ, ತಿರುಗಲು ಒದ್ದಾಡುತ್ತಲೇ ಇರುತ್ತದೆ. ಬ್ಯಾಟರಿ ಜೋಡಿಸುವುದು ಕೊನೆಯ ಕೆಲಸವಾಗಲಿ. ಜೋಡಿಸಿದ ಮೇಲೆ ಪ್ರೊಪೆಲ್ಲರ್‌ನ ಹಿಂದೆಯೇ ನಿಲ್ಲಿ. ಪೇಸ್‌ಮೇಕರ್ ಇದ್ದವರು ವೈದ್ಯರನ್ನು ಕೇಳಿಯೇ ಶುರು ಮಾಡಿ, ಯಾಕೆಂದರೆ ಈ ಮೋಟರ್‌ಗಳಲ್ಲಿ ಬಲವಾದ ಅಯಸ್ಕಾಂತಗಳಿರುತ್ತವೆ. ವಿಮಾನವನ್ನು ಎದೆಗೆ ಅವಚಿಕೊಂಡು ನಡೆಯುವ ಅಭ್ಯಾಸವಂತೂ ಬೇಡ.

ಸಿಮ್ಯುಲೇಟರ್: ಬೀಳಲು ಬೇಕಾದಷ್ಟು ಜಾಗ

ಕಂಪ್ಯೂಟರ್ ಪರದೆಯ ಮೇಲೆ ವಿಮಾನ ಹಾರಿಸುವ ಈ ಪ್ರೋಗ್ರಾಮನ್ನು ಆಟ ಅಂತ ಬಿಟ್ಟುಬಿಡುವವರೇ ಜಾಸ್ತಿ. ಬಿಡಬೇಡಿ. ನಿಮ್ಮ ರಿಮೋಟನ್ನೇ ಕಂಪ್ಯೂಟರ್‌ಗೆ ಜೋಡಿಸಿ ದಿನಕ್ಕೆ ಹದಿನೈದು ನಿಮಿಷ ಹಾರಿಸಿ. ಒಂದೇ ದಿನ ಎರಡು ಗಂಟೆ ಕೂತರೆ ತಲೆಗೆ ಹೋಗುವುದಿಲ್ಲ, ದಿನಾ ಸ್ವಲ್ಪ ಸ್ವಲ್ಪ ಆದರೆ ಕೈಗೆ ಇಳಿಯುತ್ತದೆ.

ಎಡ ಬಲದ ಗೊಂದಲಕ್ಕೆ ಹಳಬರ ಉಪಾಯ ಒಂದಿದೆ. ವಿಮಾನ ನಿಮ್ಮ ಕಡೆ ಬರುತ್ತಿರುವಾಗ ಯಾವ ರೆಕ್ಕೆ ಕೆಳಗೆ ಇಳಿದಿದೆ ನೋಡಿ, ಸ್ಟಿಕ್ಕನ್ನು ಆ ಕಡೆಗೇ ಒತ್ತಿ. ಬೀಳುತ್ತಿರುವ ರೆಕ್ಕೆಗೆ ಕೆಳಗಿನಿಂದ ಊರುಗೋಲು ಕೊಟ್ಟ ಹಾಗೆ. ಎಡವೋ ಬಲವೋ ಅಂತ ಲೆಕ್ಕ ಹಾಕುವ ಕೆಲಸವೇ ಇಲ್ಲ.

ಡ್ರೋನಿಗೆ ಕ್ರಮ ಬೇರೆ. ಮೊದಲು ಬಾಲ ನಿಮ್ಮ ಕಡೆ ಇಟ್ಟು ಒಂದು ಚೌಕ ಬಿಡಿಸಿ. ಆಮೇಲೆ ಪಕ್ಕಕ್ಕೆ ತಿರುಗಿಸಿ ಅದೇ ಚೌಕ. ಕೊನೆಗೆ ಮೂತಿ ನಿಮ್ಮ ಕಡೆ. ಇದು ಬಂದರೆ ಎಂಟರ ಆಕಾರದಲ್ಲಿ ಸುತ್ತಿಸಿ. ಎಂಟು ನುಣ್ಣಗೆ ಬರುವ ತನಕ ಕ್ಯಾಮೆರಾ ಕಡೆ ಕಣ್ಣು ಹಾಯಿಸಬೇಡಿ.

ಮೈದಾನದಲ್ಲಿ ಮೊದಲ ದಿನ

ಗಾಳಿ ಇಲ್ಲದ ಬೆಳಗ್ಗೆ ಹೋಗಿ, ಒಬ್ಬರೇ ಹೋಗಬೇಡಿ. ಎರಡು ರಿಮೋಟ್ ಜೋಡಿಸಿ ಕಲಿಸುವ ವ್ಯವಸ್ಥೆ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ನಿಮ್ಮ ಕೈ ತಪ್ಪಿದ ಕ್ಷಣ ಗುರು ತಮ್ಮ ಕೈಗೆ ತೆಗೆದುಕೊಳ್ಳುತ್ತಾರೆ. ಆ ಗುರು ನಿಮ್ಮ ಮೊಮ್ಮಗಳ ವಯಸ್ಸಿನವಳಾಗಿರಬಹುದು. ಬೈಸಿಕೊಳ್ಳಲು ಸಿದ್ಧರಾಗಿ ಹೋಗಿ.

ಹಾರಿಸುವ ಮುಂಚೆ ವಿಮಾನದ ತೂಕ ಹಿಂದೆ ಮುಂದೆ ಸಮನಾಗಿ ಕೂತಿದೆಯಾ ನೋಡಬೇಕು. ರೆಕ್ಕೆಯ ಮುಂದಿನ ಅಂಚಿನಿಂದ ಅದರ ಅಗಲದ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಎರಡು ಬೆರಳಿಟ್ಟು ಎತ್ತಿ. ನೇರ ನಿಂತರೆ ಸರಿ, ಮೂತಿ ತುಸು ಬಗ್ಗಿದರೂ ಸರಿ. ಮೂತಿ ಭಾರವಾದ ವಿಮಾನ ಕೆಟ್ಟದಾಗಿ ಹಾರುತ್ತದೆ, ಬಾಲ ಭಾರವಾದದ್ದು ಒಂದೇ ಸಲ ಹಾರುತ್ತದೆ ಅಂತ ಹಾರಿಸುವವರು ಹೇಳುವುದು ತಮಾಷೆಗಲ್ಲ. ನಂತರ ಸ್ಟಿಕ್ ಆಡಿಸಿ, ರೆಕ್ಕೆಯ ಹಿಂದಿನ ಅಂಚಿನಲ್ಲಿ ಆಡುವ ಪ್ರತಿ ಪಟ್ಟಿಯೂ ಸರಿಯಾದ ದಿಕ್ಕಿಗೆ ಏಳುತ್ತದೆಯಾ ಅಂತ ನೋಡಿ. ಬಲಕ್ಕೆ ಒತ್ತಿದರೆ ಬಲ ರೆಕ್ಕೆಯ ಪಟ್ಟಿ ಮೇಲೆ ಏಳಬೇಕು. ತಲೆಕೆಳಗಾಗಿ ಜೋಡಿಸಿ ಹಾರಿಸಿದವರು ನಮ್ಮ ನಡುವೆ ಬೇಕಾದಷ್ಟಿದ್ದಾರೆ.

ಮೇಲೇರಿದ ಮೇಲೆ ಕಲಿಯುವವರು "ಮೂರು ತಪ್ಪಿನ ಎತ್ತರ"ದಲ್ಲಿ ಇರಬೇಕು. ಅಂದರೆ ಮೂರು ಸಲ ತಪ್ಪಿದರೂ ಸರಿಪಡಿಸಲು ಎತ್ತರ ಉಳಿದಿರಬೇಕು. ಎಲ್ಲರೂ ಮಾಡುವ ತಪ್ಪು ಇದರ ಉಲ್ಟಾ, ಹೆದರಿ ನೆಲಕ್ಕೆ ಹತ್ತಿರವೇ ಹಾರಿಸುವುದು.

ಡ್ರೋನ್ ಇದ್ದವರು ಅದಕ್ಕೆ ಜಿಪಿಎಸ್ ಉಪಗ್ರಹಗಳ ಸಂಕೇತ ಸಿಗುವ ತನಕ ಕಾಯಿರಿ. "ಮನೆ" ಎಲ್ಲಿ ಅಂತ ಅದು ಗುರುತು ಹಾಕಿಕೊಳ್ಳುವ ಮೊದಲೇ ಎಬ್ಬಿಸಿದರೆ, ವಾಪಸ್ ಕರೆದಾಗ ಎಲ್ಲಿಗೆ ಹೋಗುತ್ತದೋ ದೇವರೇ ಬಲ್ಲ. ವಾಪಸ್ ಬರುವ ಎತ್ತರವನ್ನು ಸುತ್ತಲಿನ ಅತಿ ಎತ್ತರದ ಮರಕ್ಕಿಂತ ಮೇಲೆ ಇಡಿ. ಬ್ಯಾಟರಿ 30% ಆದಾಗ ಇಳಿಸಲು ಶುರು ಮಾಡಿ. ಎದುರು ಗಾಳಿಯಲ್ಲಿ ಮರಳಲು ಹೋದಷ್ಟೇ ಬ್ಯಾಟರಿ ಸಾಲುವುದಿಲ್ಲ.

ನಿಯಮ ಒಂದೊಂದು ದೇಶದಲ್ಲಿ ಒಂದೊಂದು ಥರ. ಆದರೂ ಹಲವು ಕಡೆ 250 ಗ್ರಾಂ ತೂಕ ಒಂದು ಗಡಿ, 120 ಮೀಟರ್ ಎತ್ತರ ಇನ್ನೊಂದು. ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಹಾರಿಸಬೇಕು, ವಿಮಾನ ನಿಲ್ದಾಣದ ಹತ್ತಿರ ಸುಳಿಯಬಾರದು. ನಿಮ್ಮಲ್ಲಿನ ನಿಯಮವನ್ನು ಕೊಳ್ಳುವ ಮೊದಲೇ ಓದಿ, ಕೊಂಡ ಮೇಲಲ್ಲ.

ಮನೆಗೆ ಬಂದ ಮೇಲೆ: ಬ್ಯಾಟರಿ

ಈ ಹವ್ಯಾಸದಲ್ಲಿ ನನಗೆ ನಿಜವಾಗಿ ಭಯವಿರುವುದು ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿಯದ್ದು. ಹೊತ್ತಿಕೊಂಡರೆ ನಂದಿಸುವುದು ಕಷ್ಟ. ಒಂದೊಂದು ಸೆಲ್ ತುಂಬಿದಾಗ 4.2 ವೋಲ್ಟ್. 3 ವೋಲ್ಟ್‌ಗಿಂತ ಕೆಳಗಿಳಿದರೆ ಹಾಳಾದಂತೆಯೇ. ಪ್ರತಿ ಸೆಲ್ಲನ್ನೂ ಬೇರೆಬೇರೆ ಅಳೆಯುವ ಬ್ಯಾಲೆನ್ಸ್ ಚಾರ್ಜರ್ ಬಳಸಿ. ಬ್ಯಾಟರಿಯ ಮೇಲೆ 2200 ಎಂಎಎಚ್ ಅಂತಿದ್ದರೆ 2.2 ಆಂಪ್‌ನಲ್ಲಿ ಚಾರ್ಜ್ ಮಾಡಿ, ಅವಸರ ಬೇಡ. ಹಾಸಿಗೆ, ಪರದೆ, ಸೋಫಾಗಳಿಂದ ದೂರ, ಬರೀ ನೆಲದ ಮೇಲೆ ಇಡಿ. ಮಧ್ಯಾಹ್ನ ಚಾರ್ಜಿಗೆ ಹಾಕಿ ಒಂದು ನಿದ್ದೆ ತೆಗೆಯುವ ಆಸೆ ನಮ್ಮ ವಯಸ್ಸಿಗೆ ಸಹಜ. ಇಲ್ಲಿ ಮಾತ್ರ ಅದು ಬೇಡ. ಉಬ್ಬಿದ ಬ್ಯಾಟರಿಯನ್ನು "ಇನ್ನೊಂದು ಸಲ" ಅಂತ ಬಳಸಬೇಡಿ. ಬಿದ್ದ ವಿಮಾನದ ಬ್ಯಾಟರಿಯನ್ನು ಅರ್ಧ ಗಂಟೆ ಹೊರಗಿಟ್ಟು ನೋಡಿ, ಆಮೇಲೆ ಒಳಗೆ ತನ್ನಿ.

ಪೂರ್ತಿ ತುಂಬಿಸಿ ಇಟ್ಟಿರುತ್ತೀರಿ, ಮಳೆ ಬರುತ್ತದೆ, ಹಾರಿಸಲು ಆಗುವುದಿಲ್ಲ. ಹಾಗೇ ವಾರಗಟ್ಟಲೆ ಬಿಟ್ಟರೆ ಬ್ಯಾಟರಿ ಬೇಗ ಸೊರಗುತ್ತದೆ. ಚಾರ್ಜರ್‌ನಲ್ಲಿ "ಸ್ಟೋರೇಜ್" ಅಂತ ಒಂದು ಆಯ್ಕೆ ಇರುತ್ತದೆ. ಅದನ್ನು ಒತ್ತಿದರೆ ಸೆಲ್‌ಗೆ 3.8 ವೋಲ್ಟ್ ಆಸುಪಾಸಿಗೆ ತಂದು ನಿಲ್ಲಿಸುತ್ತದೆ. ಅದು ಮುಗಿದು ಪೀಪ್ ಅಂದ ಮೇಲೆ ತಂತಿ ಬಿಚ್ಚಿ. ಈಗ ಆ ನಿದ್ದೆ ತೆಗೆಯಬಹುದು.