ಧನುರ್ಮಾಸದ ಮಂಜಿಗೆ ಹಳೇ ಕಾರನ್ನು ರೆಡಿ ಮಾಡುವುದು ಹೇಗೆ?

ಮೈಸೂರು, ಮಂಡ್ಯದಲ್ಲಿ ಹಿಮ ಬೀಳುವುದಿಲ್ಲ, ಕಾರಿಗೆ ಎಂಥ ಚಳಿಗಾಲದ ತಯಾರಿ ಅಂತ ಕೇಳುವವರಿದ್ದಾರೆ. ಆದರೆ ಡಿಸೆಂಬರ್ ನಡುವಿನಲ್ಲಿ ಧನುರ್ಮಾಸ ಶುರುವಾದರೆ ಬೆಳಗಿನ ಜಾವದ ಪೂಜೆಗೆ ಅಂತ ಮೇಲುಕೋಟೆಗೋ ಶ್ರೀರಂಗಪಟ್ಟಣಕ್ಕೋ ಕತ್ತಲಲ್ಲೇ ಮನೆ ಬಿಡುವವರು ನಮ್ಮಲ್ಲಿ ಎಷ್ಟು ಜನ ಅಲ್ವಾ? ಅದೇ ಹೊತ್ತಿಗೆ ಗದ್ದೆ, ನಾಲೆ ಮೇಲೆಲ್ಲ ಮಂಜು ಕೂತಿರುತ್ತದೆ, ಕಬ್ಬಿನ ಗಾಡಿಗಳು ಕಾರ್ಖಾನೆ ಕಡೆ ಹೊರಟಿರುತ್ತವೆ. ನನ್ನದು 2004ರ ಮಾರುತಿ 800. ಇಂಥ ಹಳೇ ಕಾರಿಗೆ ನವೆಂಬರ್ ಕೊನೆಯಲ್ಲಿ ಒಂದು ಭಾನುವಾರ ಕೊಡಿ, ಸಾಕು.

ಮೊದಲು ಬ್ಯಾಟರಿ. ಚಳಿಗೆ ಬ್ಯಾಟರಿಯ ಶಕ್ತಿ ಕುಗ್ಗುತ್ತದೆ, ಎಂಜಿನ್ ಆಯಿಲ್ ಗಟ್ಟಿಯಾಗುತ್ತದೆ, ಹಾಗಾಗಿ ಮಧ್ಯಾಹ್ನ ಸರಾಗವಾಗಿ ಸ್ಟಾರ್ಟ್ ಆಗುವ ಗಾಡಿ ಬೆಳಿಗ್ಗೆ ಐದಕ್ಕೆ ಸೆಲ್ಫ್ ಹೊಡೆದರೆ ನರಳುತ್ತದೆ. ರಾತ್ರಿಯೆಲ್ಲ ನಿಂತ ಕಾರಿನ ಬ್ಯಾಟರಿಗೆ ಮಲ್ಟಿಮೀಟರ್ ಹಿಡಿಯಿರಿ. 12.6 ವೋಲ್ಟ್ ಆಸುಪಾಸು ಇದ್ದರೆ ಚೆನ್ನಾಗಿದೆ. 12.2ಕ್ಕಿಂತ ಕೆಳಗಿದ್ದರೆ ಚಾರ್ಜ್ ಮಾಡಿಸಿ, ಮತ್ತೆ ಇಳಿದರೆ ಬದಲಾಯಿಸುವ ಕಾಲ ಬಂದಿದೆ. ಎಂಜಿನ್ ಓಡುವಾಗ 13.8ರಿಂದ 14.4 ತೋರಿಸಬೇಕು. ತೋರಿಸದಿದ್ದರೆ ತಪ್ಪು ಬ್ಯಾಟರಿಯದ್ದಲ್ಲ, ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರ್ ಅಥವಾ ಅದರ ಬೆಲ್ಟ್ ನೋಡಿಸಿ. ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಮೈನಸ್ ವೈರನ್ನು ಮೊದಲು ಬಿಚ್ಚಿ, ಅಡುಗೆ ಸೋಡಾ ಕಲಸಿದ ಬಿಸಿನೀರಲ್ಲಿ ಹಳೇ ಟೂತ್‌ಬ್ರಷ್ ಅದ್ದಿ ಉಜ್ಜಿ, ಒರೆಸಿ, ವ್ಯಾಸಲಿನ್ ಸವರಿ. ಮತ್ತೆ ಹಾಕುವಾಗ ಮೈನಸ್ ಕೊನೆಗೆ. ನೀರು ಕಮ್ಮಿ ಇದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ, ನಲ್ಲಿ ನೀರು ಬೇಡವೇ ಬೇಡ.

ಆಯಿಲ್ ಡಬ್ಬದ ಮೇಲೆ 20ಡಬ್ಲ್ಯೂ-40 ಅಂತೆಲ್ಲ ಇರುತ್ತದಲ್ಲ, ಆ ಡಬ್ಲ್ಯೂ ಅಂದರೆ ವಿಂಟರ್, ಚಳಿಯಲ್ಲಿ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಎನ್ನುವ ಗುರುತು. ನಮ್ಮ ಚಳಿಗೆ ಗ್ರೇಡ್ ಬದಲಾಯಿಸಬೇಕಿಲ್ಲ, ಕಾರಿನ ಪುಸ್ತಕದಲ್ಲಿ ಹೇಳಿದ್ದನ್ನೇ ಹಾಕಿ. ಆದರೆ ಬದಲಾಯಿಸುವ ಸಮಯ ಬಂದಿದ್ದರೆ ಮುಂದೂಡಬೇಡಿ.

ರೇಡಿಯೇಟರ್‌ಗೆ ಬರೀ ನೀರು ಹಾಕಿ ಓಡಿಸುವವರು ಇಲ್ಲಿ ಜಾಸ್ತಿ. ಮೈಸೂರಲ್ಲಿ ನಡೆದುಹೋಗುತ್ತದೆ, ಒಳಗೆ ತುಕ್ಕು ಹಿಡಿಯುತ್ತದೆ ಅಷ್ಟೆ. ಆದರೆ ಬಂಡೀಪುರ ದಾಟಿ ಊಟಿಗೆ ಹೋಗಿ ರಾತ್ರಿ ಉಳಿದರೆ ಮಾತು ಬೇರೆ. ಜನವರಿಯಲ್ಲಿ ಅಲ್ಲಿ ಉಷ್ಣಾಂಶ ಸೊನ್ನೆಯ ಹತ್ತಿರ ಇಳಿಯುತ್ತದೆ, ನೀರು ಹೆಪ್ಪುಗಟ್ಟಿದರೆ ಹಿಗ್ಗಿ ರೇಡಿಯೇಟರ್ ಸೀಳುತ್ತದೆ. ಕೂಲಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ ಹಾಕಿಸಿ. ಎಂಜಿನ್ ಬಿಸಿ ಇರುವಾಗ ಮುಚ್ಚಳ ತೆಗೆಯಬೇಡಿ.

ಇನ್ನು ಗಾಜು ಮತ್ತು ಲೈಟು. ಎರಡು ವರ್ಷದ ಹಿಂದೆ ಪಾಂಡವಪುರ ದಾಟಿ ಮೇಲುಕೋಟೆ ಕಡೆ ಹೋಗುತ್ತಿದ್ದೆ, ಪಕ್ಕದಲ್ಲಿ ಹೆಂಡತಿ, ಹಿಂದೆ ಅಮ್ಮ. ಒಳಗಡೆ ಗಾಜಿಗೆ ಹಬೆ ಕಟ್ಟಿತ್ತು, ನಾನು ಒಂದು ಕೈಯಲ್ಲಿ ಬಟ್ಟೆ ಹಿಡಿದು ಒರೆಸುತ್ತಾ ಓಡಿಸುತ್ತಿದ್ದೆ. ಒರೆಸಿದ ಜಾಗದಲ್ಲಿ ಮೊದಲು ಕಂಡದ್ದು ಕಬ್ಬಿನ ಜಲ್ಲೆಗಳ ತುದಿ. ಟ್ರೈಲರ್‌ಗೆ ಹಿಂದೆ ಲೈಟೂ ಇಲ್ಲ, ರಿಫ್ಲೆಕ್ಟರೂ ಇಲ್ಲ. ಬ್ರೇಕ್ ಹಿಡಿಯಿತು, ಬದುಕಿದೆವು. ಆ ದಿನದಿಂದ ಗಾಜಿನ ವಿಷಯದಲ್ಲಿ ನಾನು ರಾಜಿ ಇಲ್ಲ.

ಗಾಜಿನ ಒಳಮೈ ಮೇಲೆ ಕಣ್ಣಿಗೆ ಕಾಣದ ಜಿಡ್ಡು ಕೂತಿರುತ್ತದೆ, ಹಬೆ ಅದಕ್ಕೇ ಬೇಗ ಅಂಟಿಕೊಳ್ಳುವುದು. ಪಾತ್ರೆ ತೊಳೆಯುವ ಸೋಪಿನ ನಾಲ್ಕು ಹನಿ ಹಾಕಿದ ನೀರಲ್ಲಿ ಒರೆಸಿ, ಹಳೇ ಪೇಪರ್‌ನಿಂದ ಒಣಗುವವರೆಗೆ ಉಜ್ಜಿ. ಓಡಿಸುವಾಗ ಹಬೆ ಕಟ್ಟಿದರೆ ಎಸಿ ಹಾಕಿ, ಗಾಳಿಯನ್ನು ಗಾಜಿನ ಕಡೆ ತಿರುಗಿಸಿ, ಹೊರಗಿನ ಗಾಳಿ ಒಳಗೆ ಬರುವ ಹಾಗೆ ಇಡಿ. ಎಸಿ ಇಲ್ಲದಿದ್ದರೆ ಬ್ಲೋವರ್ ಬಿಸಿಗೆ ಇಟ್ಟು ಕಿಟಕಿಯನ್ನು ಎರಡು ಬೆರಳಷ್ಟು ಇಳಿಸಿ. ವೈಪರ್ ರಬ್ಬರ್ ಬಿರುಕು ಬಿಟ್ಟಿದ್ದರೆ ಯೋಚಿಸದೆ ಹೊಸದು ಹಾಕಿಸಿ.

ಮಂಜಿನಲ್ಲಿ ಡಿಮ್ ಲೈಟೇ ಸರಿ. ಬ್ರೈಟ್ ಹಾಕಿದರೆ ಬೆಳಕು ಮಂಜಿಗೆ ಬಡಿದು ವಾಪಸ್ ನಿಮ್ಮ ಕಣ್ಣಿಗೇ ಬರುತ್ತದೆ. ನಾಲ್ಕೂ ಇಂಡಿಕೇಟರ್ ಮಿಣುಕಿಸಿಕೊಂಡು ಓಡಿಸಬೇಡಿ, ನೀವು ನಿಂತಿದ್ದೀರೋ ತಿರುಗುತ್ತೀರೋ ಹಿಂದಿನವರಿಗೆ ಗೊತ್ತಾಗುವುದಿಲ್ಲ. ಬೆಳಕು ಸಾಲದು ಅಂತ ನೂರು ವ್ಯಾಟ್ ಬಲ್ಬ್ ಹಾಕಿಸುವವರಿದ್ದಾರೆ, ಹಳೇ ವೈರಿಂಗ್ ಮತ್ತು ಹೋಲ್ಡರ್ ಆ ಬಿಸಿ ತಡೆಯುವುದಿಲ್ಲ. 60/55 ವ್ಯಾಟ್ (ಬ್ರೈಟ್‌ಗೆ 60, ಡಿಮ್‌ಗೆ 55) ಸಾಕು. ಮನೆಯವರನ್ನು ಕಾರಿನ ಹಿಂದೆ ನಿಲ್ಲಿಸಿ ಬ್ರೇಕ್ ಲೈಟ್ ಉರಿಯುತ್ತದಾ ನೋಡಿಸಿ. ಡಿಕ್ಕಿಗೆ ಕೆಂಪು ರಿಫ್ಲೆಕ್ಟರ್ ಟೇಪ್ ಅಂಟಿಸಿ. ಊರಲ್ಲಿ ಅಣ್ಣನದೋ ಮಾವನದೋ ಕಬ್ಬಿನ ಗಾಡಿ ಇದ್ದರೆ ಅದಕ್ಕೂ ಒಂದು ಮೊಳ ಅಂಟಿಸಿ ಬನ್ನಿ, ದಯವಿಟ್ಟು.

ಟೈರ್ ಗಾಳಿಯನ್ನು ಗಾಡಿ ತಣ್ಣಗಿರುವಾಗಲೇ ನೋಡಿ. ಐದಾರು ಡಿಗ್ರಿ ಚಳಿ ಹೆಚ್ಚಿದರೆ ಸುಮಾರು 1 ಪಿಎಸ್‌ಐ ಇಳಿಯುತ್ತದೆ. ಟೈರ್ ಗೀರಿನ ಆಳ ಸವೆದು 1.6 ಮಿ.ಮೀ.ಗಿಂತ ಕಮ್ಮಿ ಆಗಿದ್ದರೆ ಬದಲಾಯಿಸಿ. ಬ್ರೇಕ್ ಕೂಡ ಆವತ್ತೇ ನೋಡಿಸಿ. 2018ರ ನವೆಂಬರ್‌ನಲ್ಲಿ ಪಾಂಡವಪುರ ತಾಲೂಕಿನ ಕನಗನಮರಡಿ ಬಳಿ ಬಸ್ಸು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಿದ್ದು 30 ಜನ ಹೋದರು, ಅದೂ ಹಾಡಹಗಲು. ಮಂಜಿದ್ದಾಗ ಸುಮ್ನೆ ಹತ್ತು ನಿಮಿಷ ಉಳಿಯುತ್ತದೆ ಅಂತ ನಾಲೆ ಏರಿ ರಸ್ತೆ ಹಿಡಿಯಬೇಡಿ.

ಇನ್ನೊಂದು ಅಪಾಯ ಹುರುಳಿ ಸೆತ್ತೆ, ಅಂದರೆ ಕಿತ್ತು ಒಣಗಿಸಿದ ಹುರುಳಿ ಗಿಡ. ಡಿಸೆಂಬರ್, ಜನವರಿಯಲ್ಲಿ ಒಕ್ಕಣೆಗೆ ಅಂತ ರಸ್ತೆಗೇ ಹರಡಿರುತ್ತಾರೆ. ಅದು ಬಳ್ಳಿ, ಚಕ್ರಕ್ಕೂ ಆಕ್ಸಲ್‌ಗೂ ಹಗ್ಗದ ಹಾಗೆ ಸುತ್ತಿಕೊಳ್ಳುತ್ತದೆ, ಕಾದ ಸೈಲೆನ್ಸರ್‌ಗೆ ತಾಗಿದರೆ ಹೊತ್ತಿಕೊಳ್ಳುತ್ತದೆ. ಹಳೇ ಎಂಜಿನ್ ಆಯಿಲ್ ಸೋರುತ್ತಿದ್ದರಂತೂ ಇನ್ನೂ ಬೇಗ. ಅದಕ್ಕೇ ಸೋರಿಕೆಯನ್ನು ಮೊದಲೇ ನಿಲ್ಲಿಸಿಕೊಳ್ಳಿ, ಆದಷ್ಟೂ ಸೆತ್ತೆ ಬಿಟ್ಟು ಪಕ್ಕದಲ್ಲಿ ಹೋಗಿ. ಅದರ ಮೇಲೇ ಕಾರು ಓಡಿಸಬೇಕಾಗಿ ಬಂದರೆ ದಾಟಿದ ಮೇಲೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಬಗ್ಗಿ ನೋಡಿ, ಸಿಕ್ಕಿಕೊಂಡಿದ್ದನ್ನು ಕೋಲಿನಿಂದ ಎಳೆದು ಹಾಕಿ. ಸೆತ್ತೆಯ ಮೇಲೆ ಮಾತ್ರ ಕಾರು ನಿಲ್ಲಿಸಬೇಡಿ. ಸುಟ್ಟ ವಾಸನೆ ಬಂದರೆ ಎಲ್ಲರೂ ಮೊದಲು ಇಳಿದುಬಿಡಿ. ಸೀಟಿನ ಕೆಳಗೆ ಚಿಕ್ಕದೊಂದು ಬೆಂಕಿ ಆರಿಸುವ ಸಿಲಿಂಡರ್ ಇರಲಿ.

ಭತ್ತದ ಕೊಯ್ಲು ಮುಗಿದರೆ ಗದ್ದೆಯ ಇಲಿಗಳು ಬೆಚ್ಚಗಿನ ಜಾಗ ಹುಡುಕಿಕೊಂಡು ಬಾನೆಟ್ ಒಳಗೆ ಸೇರುತ್ತವೆ, ವೈರ್ ಕಡಿಯುತ್ತವೆ. ಹೊಗೆಸೊಪ್ಪನ್ನು ಬಟ್ಟೆಯಲ್ಲಿ ಕಟ್ಟಿ, ಬಿಸಿ ತಾಗದ ಮೂಲೆಯಲ್ಲಿ ನೇತುಹಾಕಿ, ವಾಸನೆ ಹೋದ ಮೇಲೆ ಬದಲಾಯಿಸಿ. ನನಗೆ ಇದು ಕೆಲಸ ಮಾಡಿದೆ.

ಹೊರಡುವ ದಿನ ಲೈಟು, ಬ್ಲೋವರ್ ಎಲ್ಲ ಆಫ್ ಇಟ್ಟು ಸೆಲ್ಫ್ ಹೊಡೆಯಿರಿ, ಒಂದು ಸಲಕ್ಕೆ ಐದಾರು ಸೆಕೆಂಡ್ ಸಾಕು, ಹಿಡಿಯದಿದ್ದರೆ ಅರ್ಧ ನಿಮಿಷ ಬಿಟ್ಟು ಮತ್ತೆ. ಅದಕ್ಕೂ ಮುಂಚೆ ಬಾನೆಟ್ ಮೇಲೆ ಎರಡು ಸಲ ತಟ್ಟಿ, ಕೆಳಗೂ ಒಮ್ಮೆ ಬಗ್ಗಿ ನೋಡಿ. ಚಳಿಗೆ ಬೀದಿಯ ಬೆಕ್ಕೋ ನಾಯಿಮರಿಯೋ ಅಲ್ಲಿ ಮುದುಡಿಕೊಂಡು ಮಲಗಿರುತ್ತದೆ. ಅದು ಎದ್ದು ಆಚೆ ಹೋಗಲಿ, ಆಮೇಲೆ ಕೀ ತಿರುಗಿಸಿ.