ಹೇಟೆಯ ಭೇದಿ ಮತ್ತು ಹಿಂಭಾಗದ ಸೋಂಕು: ಕೊನೆಗೂ ವಾಸಿಯಾಗಿದ್ದು ಹೀಗೆ

ಹಿಂಭಾಗಕ್ಕೆ ಎಷ್ಟೇ ಮುಲಾಮು ಹಚ್ಚಿ, ಹೊಟ್ಟೆ ಸರಿಹೋಗದೆ ಅದು ಒಣಗುವುದಿಲ್ಲ. ನನ್ನ ಹೇಟೆಗೆ ಭೇದಿ ಹಿಡಿದಿದ್ದಾಗ ನಾನು ಹೀಗಂದರೆ ಕೋಳಿ ಸಾಕುವ ಗೆಳೆಯರು ನಕ್ಕಿದ್ದರು. ‘ಅದರ ಆಸೆ ಬಿಡು, ಉಳಿದವಕ್ಕೂ ಹತ್ತುತ್ತೆ’ ಅಂತ ಒಬ್ಬರು. ‘ಆಂಟಿಬಯಾಟಿಕ್ ಹಾಕು, ಎರಡೇ ದಿನ’ ಅಂತ ಇನ್ನೊಬ್ಬರು. ಈಗ ಅದೇ ಹೇಟೆ ವಾರಕ್ಕೆ ನಾಲ್ಕೈದು ಮೊಟ್ಟೆ ಇಡುತ್ತಿದೆ. ಆದ್ದರಿಂದ ಸ್ವಲ್ಪ ಜಂಬದಿಂದಲೇ ಬರೆಯುತ್ತಿದ್ದೇನೆ.

ಎರಡು ವರ್ಷದ ಆಸುಪಾಸಿನ ಕಂದು ಹೇಟೆ. ಎರಡು ಕೆಜಿ ಮೇಲಿದ್ದದ್ದು ಒಂದೂವರೆಗೆ ಇಳಿದಿತ್ತು. ಜುಟ್ಟು ಬಿಳಿಚಿತ್ತು, ಎದೆಮೂಳೆ ಕೈಗೆ ಚುಚ್ಚುತ್ತಿತ್ತು. ಹಿಕ್ಕೆ ನೀರು ನೀರು, ಅದರಲ್ಲಿ ಕಿತ್ತಳೆ ಬಣ್ಣದ ಲೋಳೆ, ಆಗೊಮ್ಮೆ ಈಗೊಮ್ಮೆ ರಕ್ತದ ಎಳೆ. ಎಂಟು-ಹತ್ತು ಹಿಕ್ಕೆಗೊಮ್ಮೆ ಬರುವ ಆ ಅಂಟು ಕಂದು ಹಿಕ್ಕೆಯನ್ನು ರೋಗ ಅಂದುಕೊಳ್ಳುವವರಿದ್ದಾರೆ. ಅದು ಮಾಮೂಲಿ. ಇಲ್ಲಿದ್ದದ್ದು ಬೇರೆ. ಬಾಲದ ಕೆಳಗಿನ ಪುಕ್ಕವೆಲ್ಲ ಬಿಳಿ ಪೇಸ್ಟಿನಲ್ಲಿ ಅಂಟಿಕೊಂಡು ಗಟ್ಟಿ ಉಂಡೆಯಾಗಿತ್ತು. ಉಂಡೆ ಎತ್ತಿ ನೋಡಿದರೆ ಕೆಂಪಗೆ ಸುಟ್ಟಂಥ ಚರ್ಮ. ಹುಳಿಯೂ ಕೊಳೆತದ್ದೂ ಸೇರಿದ ಆ ವಾಸನೆ ಒಮ್ಮೆ ಮೂಗಿಗೆ ಬಡಿದರೆ ಆಮೇಲೆ ದೂರದಿಂದಲೇ ಗೊತ್ತಾಗುತ್ತದೆ.

ಮೊದಲು ಎಲ್ಲರ ಮಾತಿನಂತೆ ಆಂಟಿಬಯಾಟಿಕ್. ಮೂರ್ನಾಲ್ಕು ದಿನ ಹಿಕ್ಕೆ ಗಟ್ಟಿಯಾಯಿತು, ಗೆದ್ದೆವು ಅನ್ನಿಸಿತು. ಕೋರ್ಸ್ ಮುಗಿಯುವಷ್ಟರಲ್ಲಿ ಬಿಳಿ ಪೇಸ್ಟು ಎರಡರಷ್ಟಾಗಿತ್ತು. ಆಶ್ಚರ್ಯವೇನಿಲ್ಲ. ಕರುಳಿನ ಒಳ್ಳೆ ಬ್ಯಾಕ್ಟೀರಿಯಾ ಸತ್ತ ಮೇಲೆ ಯೀಸ್ಟ್ ಅನ್ನುವ ಶಿಲೀಂಧ್ರಕ್ಕೆ ಹಬ್ಬ ಅಲ್ವಾ? ಆಮೇಲೆ ಜಿಂಕ್ ಮುಲಾಮು. ಅದು ಪುಕ್ಕದ ಜೊತೆ ಸೇರಿ ಅಂಟಾಯಿತೇ ಹೊರತು ಚರ್ಮಕ್ಕೆ ತಲುಪಲಿಲ್ಲ. ಹುಳದ ಔಷಧಿಯೂ ಆಯಿತು, ಏನೂ ಬದಲಾಗಲಿಲ್ಲ. ಇಷ್ಟು ಹೊತ್ತಿಗೆ ಖರ್ಚು ಮಾಡಿದ ದುಡ್ಡಲ್ಲಿ ಮೊಟ್ಟೆಗೆ ಬಂದ ಹೊಸ ಹೇಟೆ ಎರಡು-ಮೂರಾದರೂ ಬರುತ್ತಿದ್ದವು. ಮನೆಯವರು ಈ ಲೆಕ್ಕವನ್ನು ದಿನಾ ನೆನಪಿಸುತ್ತಿದ್ದರು.

ಸಿಟ್ಟಿನಿಂದಲೇ ಹಿಕ್ಕೆ ಪರೀಕ್ಷೆಗೆ ಕೊಟ್ಟೆ. ತಾಜಾ ಹಿಕ್ಕೆ, ಬೇರೆ ಬೇರೆ ಹೊತ್ತಿನದ್ದು, ಜೊತೆಗೆ ಹಿಂಭಾಗದ ಪೇಸ್ಟು ಒರೆಸಿದ ಹತ್ತಿ. ಅದರ ಖರ್ಚು ಅಷ್ಟರವರೆಗೆ ಸುರಿದ ಔಷಧಿಯ ಕಾಲು ಭಾಗವೂ ಇರಲಿಲ್ಲ. ಹುಳದ ಮೊಟ್ಟೆ ಇಲ್ಲ. ಕರುಳಿನ ಸೂಕ್ಷ್ಮ ಪರಾವಲಂಬಿ ಜೀವಿ ಕಾಕ್ಸಿಡಿಯಾ (ನಮ್ಮ ಬಾಯಲ್ಲಿ ಕಾಕ್ಸಿ) ರಾಶಿ. ಹತ್ತಿಯಲ್ಲಿ ಯೀಸ್ಟು. ‘ಕಾಕ್ಸಿ ಮರಿಗಳ ಕಾಯಿಲೆ, ಬಲಿತ ಹೇಟೆಗೆ ಎಲ್ಲಿಂದ ಬಂತು’ ಅಂತ ವಾದ ಮಾಡಿದವರಿಗೆ ಚೀಟಿ ತೋರಿಸಿದೆ. ಬಲಿತವಕ್ಕೆ ಸಾಮಾನ್ಯವಾಗಿ ನಿರೋಧ ಇರುತ್ತದೆ, ನಿಜ. ಆದರೆ ಪುಕ್ಕ ಉದುರಿಸುವ ಕಾಲ, ಒದ್ದೆ ನೆಲ, ಬೇರೆ ಕಾಯಿಲೆ ಎಲ್ಲಾ ಕೂಡಿದರೆ ಅವೂ ಬೀಳುತ್ತವೆ. ನನ್ನ ಗೂಡಿನ ಒಂದು ಮೂಲೆ ಮಳೆಗೆ ಸದಾ ಒದ್ದೆ.

ನನ್ನ ಕ್ರಮ ಇಷ್ಟೇ: ಮೊದಲು ಕಾಕ್ಸಿ, ಆಮೇಲೆ ಹೊಟ್ಟೆಯ ಯೀಸ್ಟು, ಹಿಂಭಾಗದ ಆರೈಕೆ ಮಾತ್ರ ಮೊದಲ ದಿನದಿಂದ ಕೊನೆವರೆಗೆ. ಡೋಸ್ ಪಶುವೈದ್ಯರು ತೂಕ ನೋಡಿ ಬರೆದದ್ದು. ನೀವೂ ಬರೆಸಿಕೊಳ್ಳಿ.

ಕಾಕ್ಸಿಗೆ ಆಂಪ್ರೋಲಿಯಂ 20 ಪರ್ಸೆಂಟ್ ಪುಡಿ, ಲೀಟರ್ ನೀರಿಗೆ ಹತ್ತಿರ ಹತ್ತಿರ 1.2 ಗ್ರಾಂ. ಐದು ದಿನ ಅದೇ ನೀರು, ಆಮೇಲೆ ಪುಡಿಯನ್ನು ಅದರ ಕಾಲು ಭಾಗಕ್ಕೆ ಇಳಿಸಿ ಇನ್ನೂ ಒಂದು ವಾರ ಚಿಲ್ಲರೆ. ದಿನಾ ಹೊಸದಾಗಿ ಕಲೆಸಬೇಕು. ಇಲ್ಲೊಂದು ತೊಡಕು. ಆರೋಗ್ಯದ ಹೇಟೆ ದಿನಕ್ಕೆ ಕಾಲು ಲೀಟರ್ ಹತ್ತಿರ ಕುಡಿಯುತ್ತದೆ, ಕಾಯಿಲೆಯದ್ದು ಅದರ ಅರ್ಧವೂ ಇಲ್ಲ. ಬೋಗುಣಿಯಲ್ಲಿ ಔಷಧಿ ಇಟ್ಟು ಸುಮ್ನೆ ಕೂತರೆ ಹೊಟ್ಟೆಗೆ ಹೋಗುವುದಿಲ್ಲ. ಅದೇ ನೀರಲ್ಲಿ ಮೇವು ಕಲೆಸಿ ಮುದ್ದೆ ಮಾಡಿದೆ. ಹಾಗೆ ಜಾಸ್ತಿ ಒಳಗೆ ಹೋಯಿತು. ಮುದ್ದೆಗೆ ಇನ್ನೊಂದು ವಸ್ತು ಸೇರಿಸುತ್ತೇನೆ, ಸೇರಿಸಿದರೆ ಬೇಡ ಅಂದ ಕೋಳಿ ಇನ್ನೂ ಕಂಡಿಲ್ಲ. ಅದೇನೆಂದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಈ ಅವಧಿಯಲ್ಲಿ ಬಿ ವಿಟಮಿನ್ ಟಾನಿಕ್ ಕೊಡಲೇ ಇಲ್ಲ. ಆಂಪ್ರೋಲಿಯಂ ಕೆಲಸ ಮಾಡುವುದೇ ಕಾಕ್ಸಿಗೆ ಬಿ1 ಸಿಗದಂತೆ ಮಾಡಿ. ಕೈಯಾರೆ ಬಿ1 ಕುಡಿಸಿದರೆ ಔಷಧಿಯ ಬಲವೇ ತಗ್ಗುತ್ತದೆ. ಟಾನಿಕ್ ಕೊಟ್ಟದ್ದು ಎಲ್ಲ ಮುಗಿದ ಮೇಲೆ.

ರಕ್ತದ ಎಳೆ ಮೂರನೇ ದಿನದ ಹೊತ್ತಿಗೆ ನಿಂತಿತ್ತು. ವಾಸನೆ ಮಾತ್ರ ಹಾಗೇ ಇತ್ತು. ಬೆಳಿಗ್ಗೆ ಮೇವು ಹಾಕುವ ಮೊದಲು ಕತ್ತಿನ ಬುಡದಲ್ಲಿರುವ ಮೇವುಚೀಲ ಮುಟ್ಟಿ ನೋಡಿದರೆ ಖಾಲಿ ಇರಬೇಕಿತ್ತು, ಆದರೆ ಮೆತ್ತಗೆ ತುಂಬಿಕೊಂಡಿತ್ತು. ಯೀಸ್ಟು ಮೇಲಿಂದ ಕೆಳಗಿನವರೆಗೂ ಇದೆ ಅಂತ ಆಗಲೇ ಗಟ್ಟಿಯಾಯಿತು. ಯೀಸ್ಟಿನ ಔಷಧಿ ನಿಸ್ಟಾಟಿನ್ ಶುರು ಮಾಡಿದೆ: ಕೆಜಿ ತೂಕಕ್ಕೆ ಸುಮಾರು 3 ಲಕ್ಷ ಯೂನಿಟ್, ದಿನಕ್ಕೆರಡು ಸಲ. ಅದು ರಕ್ತಕ್ಕೆ ಇಳಿಯುವ ಔಷಧಿ ಅಲ್ಲ, ಮುಟ್ಟಿದ ಜಾಗದಲ್ಲಿ ಮಾತ್ರ ಕೆಲಸ. ಆದ್ದರಿಂದ ಖಾಲಿ ಹೊಟ್ಟೆಗೆ, ಮೇವಿಗೆ ಅರ್ಧ ಗಂಟೆ ಮೊದಲು. ಸಿರಿಂಜಿನಿಂದ ಕೊಕ್ಕಿನ ಪಕ್ಕಕ್ಕೆ ಹನಿ ಹನಿಯಾಗಿ ಬಿಡಬೇಕು. ಉಸಿರಿನ ತೂತು ನಾಲಿಗೆಯ ಬುಡದಲ್ಲೇ ಇರುವುದು, ಆತುರಪಟ್ಟರೆ ಔಷಧಿ ಶ್ವಾಸಕೋಶಕ್ಕೆ. ಇಡೀ ಚಿಕಿತ್ಸೆಯಲ್ಲಿ ದುಬಾರಿ ಇದೇ, ಫಲ ಕೊಟ್ಟದ್ದೂ ಇದೇ.

ಹಿಂಭಾಗಕ್ಕೆ ಬರೋಣ. ಮೊದಲ ಸಲ ಬೆಚ್ಚಗಿನ ನೀರಿನ ಟಬ್ಬಿನಲ್ಲಿ ಹತ್ತು-ಹದಿನೈದು ನಿಮಿಷ ಕೂರಿಸಿದೆ. ಕೋಳಿಯ ಮೈ 41 ಡಿಗ್ರಿ ಹತ್ತಿರ ಇರುವುದರಿಂದ ನಮ್ಮ ಕೈಗೆ ಬೆಚ್ಚಗನ್ನಿಸುವ ನೀರು ಅದಕ್ಕೆ ಹಿತ. ಸ್ವಲ್ಪ ಹೊತ್ತು ಒದ್ದಾಡಿ ಆಮೇಲೆ ಕಣ್ಣು ಮುಚ್ಚಿತು. ಉಂಡೆ ನೆನೆದ ಮೇಲೂ ಎಳೆಯಲಿಲ್ಲ. ಎಳೆದರೆ ಚರ್ಮವೇ ಬರುತ್ತದೆ. ಮೊಂಡು ಮೂತಿಯ ಕತ್ತರಿಯಿಂದ ಪುಕ್ಕವನ್ನು ಬುಡದಿಂದ ಒಂದು ಬೆರಳು ಬಿಟ್ಟು ಕತ್ತರಿಸಿದೆ. ಹೊಸದಾಗಿ ಬರುತ್ತಿರುವ ನೀಲಿ ಬುಡದ ಪುಕ್ಕ ಮುಟ್ಟಬೇಡಿ, ಅದರಲ್ಲಿ ರಕ್ತ ಓಡುತ್ತಿರುತ್ತದೆ. ನೊಣದ ಮೊಟ್ಟೆ, ಹುಳ ಇವೆಯೇ ಅಂತ ಮಡಿಕೆ ಮಡಿಕೆ ಬಿಡಿಸಿ ನೋಡಿದೆ, ಪುಣ್ಯಕ್ಕೆ ಇರಲಿಲ್ಲ. ಪೊವಿಡೋನ್ ಅಯೋಡಿನ್ ಅನ್ನು ತೆಳು ಚಹಾದ ಬಣ್ಣಕ್ಕೆ ಬರುವಷ್ಟು ನೀರು ಬೆರೆಸಿ ಒರೆಸಿದೆ.

ಆಮೇಲೆ ಒಣಗಿಸುವ ಕೆಲಸ. ಜನ ಇಲ್ಲೇ ಸೋಲುತ್ತಾರೆ. ದಿನಾ ಸ್ನಾನ ಮಾಡಿಸುತ್ತಾರೆ, ಒದ್ದೆ ಬಿಡುತ್ತಾರೆ, ಯೀಸ್ಟಿಗೆ ಬೇಕಾದದ್ದೂ ಅದೇ. ನಾನು ಟಬ್ಬಿನ ಸ್ನಾನ ಮಾಡಿಸಿದ್ದು ಎರಡೋ ಮೂರೋ ಸಲ. ಉಳಿದ ದಿನ ಒರೆಸಿ, ಹೇರ್ ಡ್ರೈಯರ್ ಅನ್ನು ಕಡಿಮೆ ಬಿಸಿಯಲ್ಲಿ ದೂರದಿಂದ ಹಿಡಿದು ಚರ್ಮದವರೆಗೂ ಒಣಗಿಸಿ, ಯೀಸ್ಟಿನ ಮುಲಾಮು ಕ್ಲೋಟ್ರಿಮಜೋಲ್ ತೆಳುವಾಗಿ ಸವರಿದೆ. ಬೆಳಿಗ್ಗೆ, ಸಂಜೆ. ಕೆಂಪು ಇಳಿಯಲು ವಾರದ ಮೇಲೆ ಹಿಡಿಯಿತು. ಹೊಟ್ಟೆಗೆ ನಿಸ್ಟಾಟಿನ್ ಬಿದ್ದ ಮೇಲೆಯೇ ಇಳಿದದ್ದು, ಅದನ್ನು ಒತ್ತಿ ಹೇಳುತ್ತೇನೆ. ಅದೇ ಮುಲಾಮು ಅದಕ್ಕೂ ಮುಂಚೆ ಹಚ್ಚಿದಾಗ ಕೂದಲೆಳೆಯಷ್ಟೂ ಪ್ರಯೋಜನ ಆಗಿರಲಿಲ್ಲ.

ಅಷ್ಟೂ ದಿನ ಬೇರೆ ಪೆಟ್ಟಿಗೆ. ಕೆಳಗೆ ಕಾಗದ ಹಾಸಿ, ಬೆಳಿಗ್ಗೆ ಸಂಜೆ ಬದಲಾಯಿಸಿದೆ. ಕಾಕ್ಸಿಯ ಬೀಜ ಹಿಕ್ಕೆಯಿಂದ ಹೊರಬಿದ್ದ ಕೂಡಲೇ ರೋಗ ಹರಡುವುದಿಲ್ಲ. ಬಿಸಿಯೂ ತೇವವೂ ಇದ್ದರೆ ಒಂದೆರಡು ದಿನದಲ್ಲಿ ಬಲಿಯುತ್ತದೆ. ಅಷ್ಟರೊಳಗೆ ಎತ್ತಿಬಿಟ್ಟರೆ ಆಯಿತು. ಗೂಡಿನ ಒದ್ದೆ ಮೂಲೆಯ ಹಾಸು ತೆಗೆದು ಸುಟ್ಟೆ, ಮಾಡಿನ ಸೋರಿಕೆ ಮುಚ್ಚಿಸಿದೆ.

ನಡುವೆ ಹುಚ್ಚು ಪ್ರಯೋಗಗಳೂ ನಡೆದವು. ಎರಡು ಬೋಗುಣಿ ಇಟ್ಟು ಒಂದರಲ್ಲಿ ಸೇಬಿನ ವಿನಿಗರ್ ಹಾಕಿ ನೋಡಿದೆ. ಎಲ್ಲಾ ಹೇಟೆಗಳೂ ಬರೀ ನೀರಿನ ಕಡೆಗೇ ಹೋದವು. ಬೆಳ್ಳುಳ್ಳಿ ನೀರಿಗೂ ಅದೇ ಗತಿ. ವಿನಿಗರ್ ಕಾಕ್ಸಿ ಕೊಲ್ಲುತ್ತದೆ ಅನ್ನುವವರ ಜೊತೆ ವಾದ ಮಾಡುವುದನ್ನು ಬಿಟ್ಟಿದ್ದೇನೆ. ಗೂಡಿನ ಅರ್ಧಕ್ಕೆ ಮರಳು, ಅರ್ಧಕ್ಕೆ ಮರದ ಪುಡಿ ಹಾಕಿದ್ದು ಮಾತ್ರ ಉಪಯೋಗಕ್ಕೆ ಬಂತು. ಮರಳಿನ ಕಡೆ ಬೇಗ ಒಣಗುತ್ತದೆ, ಜರಡಿ ಹಿಡಿದರೆ ಹಿಕ್ಕೆ ಸಲೀಸಾಗಿ ಬರುತ್ತದೆ.

ಔಷಧಿಯ ಕಾಲದ ಮೊಟ್ಟೆ ಯಾವುದನ್ನೂ ತಿನ್ನಲಿಲ್ಲ. ವೈದ್ಯರು ಹೇಳಿದ ದಿನ ಕಳೆಯುವವರೆಗೆ ಹೂತುಹಾಕಿದೆ. ತೂಕ ಎರಡು ಕೆಜಿ ಮುಟ್ಟಲು ಎರಡು ತಿಂಗಳಾದರೂ ಆಯಿತು. ಕತ್ತರಿಸಿದ ಜಾಗದಲ್ಲಿ ಪುಕ್ಕ ಬಂದದ್ದು ಮುಂದಿನ ಸಲ ಪುಕ್ಕ ಉದುರಿಸಿದ ಮೇಲೆಯೇ. ಅಲ್ಲಿವರೆಗೂ ಉಳಿದವು ಆ ಬೋಳು ಜಾಗ ಕುಕ್ಕುತ್ತಿದ್ದವು. ಅದಕ್ಕೂ ಒಂದು ಉಪಾಯ ಮಾಡಿದ್ದೆ, ಇನ್ನೊಮ್ಮೆ ಬರೆಯುತ್ತೇನೆ.