ಜಾಹೀರಾತು ಒಪ್ಪಿಕೊಳ್ಳುವ ಮುನ್ನ: ಚಿಕ್ಕಮಗಳೂರಿನ ಪತ್ರಿಕೆ, ಪ್ರೆಸ್, ಫ್ಲೆಕ್ಸ್ ಅಂಗಡಿಯವರು ತಿಳಿದಿರಬೇಕಾದ ಕಾನೂನು

"ಮ್ಯಾಟರ್ ಪಾರ್ಟಿಯದ್ದು, ನಾವು ಬರೀ ಅಚ್ಚು ಹಾಕಿದವರು." ಐ.ಜಿ. ರಸ್ತೆಯ ಡಿಟಿಪಿ ಅಂಗಡಿಯಿಂದ ಹಿಡಿದು ಕಡೂರು, ತರೀಕೆರೆಯ ಆಫ್‌ಸೆಟ್ ಪ್ರೆಸ್‌ವರೆಗೆ ಎಲ್ಲ ಕಡೆ ಕೇಳಿಬರುವ ಮಾತು ಇದು. ಪಾರ್ಟಿ ಎಂದರೆ ಜಾಹೀರಾತು ಕೊಡುವವರು, ಮ್ಯಾಟರ್ ಎಂದರೆ ಅದರಲ್ಲಿನ ಬರಹ. ಈ ಮಾತನ್ನು ಕಾನೂನು ಪೂರ್ತಿ ತಳ್ಳಿಹಾಕುವುದಿಲ್ಲ, ಆದರೆ ಬಾಯಿಮಾತಿಗೆ ಒಪ್ಪುವುದೂ ಇಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿತಪ್ಪಿಸುವ ಜಾಹೀರಾತಿಗೆ ತಯಾರಕರಿಗೂ ಪ್ರಚಾರ ಮಾಡಿದವರಿಗೂ 10 ಲಕ್ಷ ರೂಪಾಯಿವರೆಗೆ, ಮತ್ತೆ ಅದೇ ತಪ್ಪು ಮಾಡಿದರೆ 50 ಲಕ್ಷದವರೆಗೆ ದಂಡ ಬೀಳಬಹುದು. ಪ್ರಕಟಿಸಿದವರಿಗೂ 10 ಲಕ್ಷದವರೆಗೆ ದಂಡ ಇದೆ. ಪ್ರಕಟಿಸಿದವರು ತಪ್ಪಿಸಿಕೊಳ್ಳಲು ಇರುವ ದಾರಿ ಒಂದೇ: ದಿನನಿತ್ಯದ ವ್ಯವಹಾರದಲ್ಲಿ ಎಲ್ಲರಿಂದ ಪಡೆಯುವಂತೆ ಈ ಜಾಹೀರಾತನ್ನೂ ಪಡೆದು ಹಾಕಿದ್ದೇವೆ ಎಂದು ತೋರಿಸುವುದು. ತೋರಿಸಲು ಕೈಯಲ್ಲಿ ಕಾಗದ ಇರಬೇಕು.

ಹಾಗಾಗಿ ಮೊದಲ ಕೆಲಸ ಆರ್ಡರ್ ಫೈಲ್. ಪ್ರತಿ ಜಾಹೀರಾತಿಗೂ ಒಂದು ರಿಲೀಸ್ ಆರ್ಡರ್, ಅಂದರೆ ಜಾಹೀರಾತು ಹಾಕಿ ಎಂಬ ಲಿಖಿತ ಆದೇಶ, ಪಡೆಯಿರಿ. ಅದರಲ್ಲಿ ಜಾಹೀರಾತುದಾರರ ಪೂರ್ಣ ಹೆಸರು, ವಿಳಾಸ, ಜಿಎಸ್‌ಟಿ ಸಂಖ್ಯೆ ಇದ್ದರೆ ಅದು, ಅಳತೆ, ಪ್ರಕಟವಾಗುವ ದಿನಾಂಕ, ದರ ಇರಲಿ. ಜೊತೆಗೆ "ಇದರಲ್ಲಿರುವ ವಿವರಗಳಿಗೂ ಚಿತ್ರಗಳಿಗೂ ನಾವೇ ಹೊಣೆ" ಎಂಬ ಒಂದು ಸಾಲು, ಕೆಳಗೆ ಸಹಿ. ಕೊನೆಯ ಪ್ರೂಫ್ (ಅಚ್ಚಿಗೆ ಮುನ್ನ ತೋರಿಸುವ ಮಾದರಿ) ಮೇಲೂ ಸಹಿ ಬೇಕು. ವಾಟ್ಸ್ಆ್ಯಪ್‌ನಲ್ಲಿ "ಓಕೆ ಸರ್" ಎಂದು ಬಂದದ್ದು ಏನೂ ಇಲ್ಲದಿರುವುದಕ್ಕಿಂತ ಮೇಲು. ಆದರೆ ಯಾವ ಪ್ರೂಫ್‌ಗೆ ಓಕೆ ಎಂದರು ಎಂಬ ಜಗಳ ಅಲ್ಲಿಂದಲೇ ಶುರುವಾಗುತ್ತದೆ. ಮೂರನೇ ಪ್ರೂಫ್ ಕಳಿಸಿರುತ್ತೀರಿ, ಓಕೆ ಬಂದಿರುವುದು ಎರಡನೆಯದರ ಕೆಳಗೆ. ಅದಕ್ಕೇ ಪ್ರೂಫ್ ಫೈಲಿಗೆ ನಂಬರ್ ಕೊಡಿ, "ಪ್ರೂಫ್ 3 ಒಪ್ಪಿಗೆ" ಎಂದು ಅವರಿಂದಲೇ ಬರೆಸಿಕೊಳ್ಳಿ.

ಒಂದು ಕಾಫಿಪುಡಿ ಜಾಹೀರಾತನ್ನು ಬಿಡಿಸಿ ನೋಡೋಣ

ನಮ್ಮ ಜಿಲ್ಲೆಯಲ್ಲಿ ಅತಿ ಹೆಚ್ಚು ಬರುವ ಮ್ಯಾಟರ್ ಈ ತರಹದ್ದು: "ಅಪ್ಪಟ ಚಿಕ್ಕಮಗಳೂರು ಅರೇಬಿಕಾ ಕಾಫಿಪುಡಿ. 100% ಶುದ್ಧ. ಸಕ್ಕರೆ ಕಾಯಿಲೆ ಗುಣಪಡಿಸುತ್ತದೆ. 1 ಕೆ.ಜಿ. ಕೊಂಡರೆ ಕಾಲು ಕೆ.ಜಿ. ಉಚಿತ*." ನಾಲ್ಕು ಸಾಲು, ನಾಲ್ಕು ಬೇರೆ ಬೇರೆ ಕಾನೂನು.

"ಚಿಕ್ಕಮಗಳೂರು ಅರೇಬಿಕಾ" ಬರೀ ಊರ ಹೆಸರಲ್ಲ. ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಎರಡಕ್ಕೂ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಬೇರೆ ಕಡೆಯ ಬೀಜ ತಂದು ಈ ಹೆಸರಿನಲ್ಲಿ ಮಾರಿದರೆ 1999ರ ಭೌಗೋಳಿಕ ಗುರುತುಗಳ ಕಾಯ್ದೆಯಡಿ 6 ತಿಂಗಳಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ. ಬೀಜ ಎಲ್ಲಿಂದ ಬಂತು, ಹೆಸರು ಬಳಸುವ ಹಕ್ಕು ಇದೆಯೇ ಎಂದು ಪಾರ್ಟಿಯನ್ನು ಕೇಳಿ, ಉತ್ತರವನ್ನು ಬರೆಸಿಕೊಳ್ಳಿ.

"100% ಶುದ್ಧ" ಎಂಬಲ್ಲಿ ಪ್ಯಾಕೆಟ್ ತರಿಸಿ ನೋಡಲೇಬೇಕು. ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿ ಕನಿಷ್ಠ 51% ಇರಬೇಕು, ಕಾಫಿ ಎಷ್ಟು, ಚಿಕೋರಿ ಎಷ್ಟು ಎಂದು ಪ್ಯಾಕೆಟ್ ಮೇಲೆ ಹೇಳಬೇಕು. ಪ್ಯಾಕೆಟ್ ಮೇಲೆ 70:30 ಎಂದಿದ್ದು ಜಾಹೀರಾತಿನಲ್ಲಿ "100% ಶುದ್ಧ ಕಾಫಿ" ಎಂದಿದ್ದರೆ ವಾದಕ್ಕೆ ಜಾಗವೇ ಇಲ್ಲ. ಆಹಾರ ಪದಾರ್ಥದ ಬಗ್ಗೆ ದಾರಿತಪ್ಪಿಸುವ ಜಾಹೀರಾತಿಗೆ 2006ರ ಆಹಾರ ಸುರಕ್ಷತೆ ಕಾಯ್ದೆಯಲ್ಲಿ 10 ಲಕ್ಷದವರೆಗೆ ದಂಡವಿದೆ. ಪ್ರಕಟಿಸಿದವರೂ ಅದರ ವ್ಯಾಪ್ತಿಯೊಳಗೆ ಬರುತ್ತಾರೆ. ಪ್ಯಾಕೆಟ್ ನೋಡುವಾಗ ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) ಕೊಟ್ಟ 14 ಅಂಕಿಯ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಿ.

"ಸಕ್ಕರೆ ಕಾಯಿಲೆ ಗುಣಪಡಿಸುತ್ತದೆ" ಎಂಬ ಸಾಲನ್ನು ಅಲ್ಲೇ ಹೊಡೆದುಹಾಕಿ. ಚರ್ಚೆ ಬೇಡ. 1954ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಯ ಪಟ್ಟಿಯಲ್ಲಿ ಸಕ್ಕರೆ ಕಾಯಿಲೆ, ಕ್ಯಾನ್ಸರ್, ಪಾರ್ಶ್ವವಾಯು, ಬೊಜ್ಜು, ತೊನ್ನು, ಎತ್ತರ ಹೆಚ್ಚಿಸುವುದು ಎಲ್ಲವೂ ಇವೆ. ಔಷಧದ ಹೆಸರಿನಲ್ಲಿ ಇವುಗಳನ್ನು ವಾಸಿ ಮಾಡುತ್ತೇವೆ ಎಂಬ ಜಾಹೀರಾತಿನ ಪ್ರಕಟಣೆಯಲ್ಲಿ ಯಾವುದೇ ಪಾಲು ವಹಿಸಿದವರಿಗೂ ಈ ಕಾಯ್ದೆ ಅನ್ವಯ. ಸಂತೆ ದಿನ ಹಂಚುವ ನಾಟಿ ಔಷಧದ ಕರಪತ್ರಗಳು ಸಿಕ್ಕಿಬೀಳುವುದು ಇಲ್ಲೇ.

ಇನ್ನು ಆ ನಕ್ಷತ್ರ ಚಿಹ್ನೆ. ದಾರಿತಪ್ಪಿಸುವ ಜಾಹೀರಾತು ತಡೆಯಲು 2022ರಲ್ಲಿ ಬಂದ ಕೇಂದ್ರದ ಮಾರ್ಗಸೂಚಿಯ ಪ್ರಕಾರ ಷರತ್ತು ಕೂಡ ಮುಖ್ಯ ಮಾತು ಇರುವ ಭಾಷೆಯಲ್ಲೇ, ಅದೇ ಅಕ್ಷರ ಶೈಲಿಯಲ್ಲಿ, ಎದ್ದು ಕಾಣುವಂತೆ ಇರಬೇಕು. ಮೇಲೆ ಕನ್ನಡದಲ್ಲಿ ದಪ್ಪಕ್ಷರದ "ಉಚಿತ", ಕೆಳಗೆ ಇರುವೆ ಸಾಲಿನಂಥ ಇಂಗ್ಲಿಷ್ ಷರತ್ತು: ಇದು ನಡೆಯದು. ಆಫರ್‌ಗೆ ಬೇಕಾದಷ್ಟು ಸರಕೂ ಅಂಗಡಿಯಲ್ಲಿ ಇರಬೇಕು. ಸರಿಪಡಿಸಿದ ಮೇಲೆ ಜಾಹೀರಾತು ಹೀಗಾಗುತ್ತದೆ: "ಕಾಫಿ 70%, ಚಿಕೋರಿ 30%. 1 ಕೆ.ಜಿ. ಕೊಂಡರೆ ಕಾಲು ಕೆ.ಜಿ. ಉಚಿತ. ಸರಕು ಇರುವವರೆಗೆ, ಈ ತಿಂಗಳ 30ರ ತನಕ." ಸಪ್ಪೆ ಅನ್ನಿಸಬಹುದು, ಆದರೆ ಗಿರಾಕಿ ನಂಬಬಹುದಾದ ಜಾಹೀರಾತು ಇದೇ.

ಸೈಟು, ಬಡಾವಣೆ

ಕಡೂರು ರಸ್ತೆಯ ಎರಡೂ ಬದಿ ಲೇಔಟ್ ಬೋರ್ಡುಗಳೇ. 500 ಚದರ ಮೀಟರ್‌ಗಿಂತ ಹೆಚ್ಚಿನ ಜಾಗದ ಬಡಾವಣೆಯನ್ನು, ಅಥವಾ 8ಕ್ಕಿಂತ ಹೆಚ್ಚು ಫ್ಲ್ಯಾಟ್‌ಗಳ ಕಟ್ಟಡವನ್ನು, ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರವಾದ ರೇರಾದಲ್ಲಿ ನೋಂದಾಯಿಸದೆ ಜಾಹೀರಾತು ಮಾಡುವಂತೆಯೇ ಇಲ್ಲ. ಜಾಹೀರಾತಿನಲ್ಲಿ ನೋಂದಣಿ ಸಂಖ್ಯೆಯೂ ಪ್ರಾಧಿಕಾರದ ವೆಬ್‌ಸೈಟ್ ವಿಳಾಸವೂ ಇರಬೇಕು. ಪಾರ್ಟಿ ಕೊಟ್ಟ ಸಂಖ್ಯೆಯನ್ನು ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ಹಾಕಿ, ಯೋಜನೆಯ ಹೆಸರು ಹೊಂದುತ್ತದೆಯೇ ನೋಡಿ, ಆ ಪುಟದ ಒಂದು ಪ್ರಿಂಟ್ ಫೈಲಿಗೆ ಸೇರಿಸಿ. ಐದು ನಿಮಿಷದ ಕೆಲಸ. "ನಂಬರ್ ಮುಂದಿನ ವಾರ ಬರುತ್ತೆ, ಈಗ ಹಾಕಿಬಿಡಿ" ಎಂದರೆ ಜಾಹೀರಾತನ್ನೂ ಮುಂದಿನ ವಾರಕ್ಕೇ ಇಡಿ. ಬ್ರೋಶರ್ ನಂಬಿ ಅಡ್ವಾನ್ಸ್ ಕೊಟ್ಟ ಬಡಪಾಯಿಯ ಜೀವಮಾನದ ಉಳಿತಾಯ ಅದರಲ್ಲಿ ಇರುತ್ತದೆ.

ಎಷ್ಟು ದುಡ್ಡು ಕೊಟ್ಟರೂ ಮುಟ್ಟಬಾರದವು ಕೆಲವಿವೆ. ಬೀಡಿ, ಸಿಗರೇಟು, ಗುಟ್ಕಾ ಜಾಹೀರಾತನ್ನು 2003ರ ತಂಬಾಕು ಕಾಯ್ದೆ ನಿಷೇಧಿಸುತ್ತದೆ. ಭ್ರೂಣಲಿಂಗ ಪತ್ತೆಯ ಸುಳಿವು ಕೊಡುವ ಸ್ಕ್ಯಾನಿಂಗ್ ಜಾಹೀರಾತಿಗೆ 3 ವರ್ಷದವರೆಗೆ ಜೈಲು ಇದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ಜಾಹೀರಾತಿಗೆ 2025ರ ಕಾಯ್ದೆಯಲ್ಲಿ 2 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ. ಊರ ಕ್ರಿಕೆಟ್ ಟೂರ್ನಿಗೆ ಸ್ಪಾನ್ಸರ್ ಆಗಿ ಬರುವ ಬೆಟ್ಟಿಂಗ್ ಆ್ಯಪ್‌ನ ಹೆಸರು ಬ್ಯಾನರಿನ ಮೂಲೆಯಲ್ಲಿದ್ದರೂ ಅದು ಜಾಹೀರಾತೇ.

ಫ್ಲೆಕ್ಸ್, ಬ್ಯಾನರ್, ಹೋರ್ಡಿಂಗ್

ಫ್ಲೆಕ್ಸ್, ಪ್ಲಾಸ್ಟಿಕ್ ಬ್ಯಾನರ್, ಬಂಟಿಂಗ್ಸ್‌ಗಳನ್ನು ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲೇ ನಿಷೇಧಿಸಿದೆ. 100 ಮೈಕ್ರಾನ್‌ಗಿಂತ ತೆಳುವಾದ ಪಿವಿಸಿ ಬ್ಯಾನರ್‌ಗೆ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧವಿದೆ. "ನಮ್ಮದು ದಪ್ಪ ಶೀಟು, 100 ಮೈಕ್ರಾನ್ ದಾಟಿದೆ" ಎಂಬ ಸಮಜಾಯಿಷಿ ಕೇಂದ್ರದ ನಿಯಮಕ್ಕೆ ಉತ್ತರವಾಗಬಹುದು, ರಾಜ್ಯದ ನಿಷೇಧಕ್ಕೆ ಅಲ್ಲ. ಬಟ್ಟೆಯ ಬ್ಯಾನರ್‌ಗೆ ಹೊರಳುವುದೇ ಸರಿ. ಮುದ್ರಣಕ್ಕೆ ಖರ್ಚು ಹೆಚ್ಚು ಬಿದ್ದರೂ ಜಪ್ತಿಯಾಗಿ ಪಾರ್ಟಿಯ ಮುಂದೆ ತಲೆ ತಗ್ಗಿಸುವುದು ತಪ್ಪುತ್ತದೆ.

ಬಟ್ಟೆಯದ್ದಾದರೂ ಎಲ್ಲೆಂದರಲ್ಲಿ ಕಟ್ಟುವಂತಿಲ್ಲ. ಸಾರ್ವಜನಿಕರಿಗೆ ಕಾಣುವ ಜಾಗದಲ್ಲಿ ಅನುಮತಿಯಿಲ್ಲದೆ ಭಿತ್ತಿಪತ್ರ ಅಂಟಿಸಿದರೆ, ಗೋಡೆ ಬರಹ ಬರೆದರೆ, 1981ರ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆಯಡಿ 6 ತಿಂಗಳವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ ಅಥವಾ ಎರಡೂ. ನಗರದೊಳಗೆ ನಗರಸಭೆಗೆ ಅರ್ಜಿ ಕೊಡಿ: ಜಾಗದ ಸ್ಕೆಚ್, ಅಳತೆ, ಕಟ್ಟುವ ಮತ್ತು ಬಿಚ್ಚುವ ದಿನಾಂಕ, ಖಾಸಗಿ ಕಟ್ಟಡವಾದರೆ ಮಾಲೀಕರ ಒಪ್ಪಿಗೆ ಪತ್ರ. ನಗರದ ಹೊರಗೆ ಗ್ರಾಮ ಪಂಚಾಯಿತಿ. ರಾಷ್ಟ್ರೀಯ ಹೆದ್ದಾರಿ 173ರಂಥ ರಸ್ತೆಯ ಅಂಚಾದರೆ ಹೆದ್ದಾರಿ ಇಲಾಖೆಯ ಒಪ್ಪಿಗೆಯೂ ಬೇಕು, ಪಂಚಾಯಿತಿ ರಸೀದಿ ಒಂದೇ ಸಾಲದು. ಮೆಸ್ಕಾಂ ಕಂಬಗಳ ಸಹವಾಸವೇ ಬೇಡ. ಅನುಮತಿ ಸಂಖ್ಯೆ, ಕೊನೆಯ ದಿನಾಂಕವನ್ನು ಬ್ಯಾನರಿನ ಕೆಳಮೂಲೆಯಲ್ಲೇ ಮುದ್ರಿಸಿಬಿಟ್ಟರೆ ತೆರವು ಮಾಡಲು ಬಂದವರಿಗೂ ಗೊಂದಲವಿರುವುದಿಲ್ಲ.

ಕಬ್ಬಿಣದ ಚೌಕಟ್ಟಿನ ಹೋರ್ಡಿಂಗ್ ಆದರೆ ಜೂನ್‌ಗೆ ಮೊದಲೇ ಎಂಜಿನಿಯರ್ ಒಬ್ಬರಿಂದ ತಪಾಸಣೆ ಮಾಡಿಸಿ ಪತ್ರ ಪಡೆಯಿರಿ. ಇಲ್ಲಿನ ಮಳೆಗೆ ಬುಡದ ಬೋಲ್ಟ್ ತುಕ್ಕು ಹಿಡಿಯುತ್ತದೆ, ಮುಂಗಾರಿನ ಗಾಳಿ ಇಡೀ ಶೀಟನ್ನು ಹಾಯಿಯಂತೆ ತುಂಬಿಕೊಂಡು ಎಳೆಯುತ್ತದೆ. ಬಿದ್ದು ಯಾರಿಗಾದರೂ ಪೆಟ್ಟಾದರೆ ಮೊದಲು ಕೇಳುವುದು ಆ ಪತ್ರವನ್ನೇ. ಅಂಗಡಿಯ ನಾಮಫಲಕ ಮಾಡಿಕೊಡುವವರು 2024ರ ತಿದ್ದುಪಡಿಯನ್ನೂ ನೆನಪಿಡಬೇಕು: ಫಲಕದ 60% ಕನ್ನಡ, ಅದೂ ಮೇಲ್ಭಾಗದಲ್ಲಿ.

ಚುನಾವಣೆ ಬಂದಾಗ

ಪ್ರೆಸ್‌ಗಳು ಅತಿ ಹೆಚ್ಚು ಎಡವುವ ಕಾಲ ಇದು, ಏಕೆಂದರೆ ಎಲ್ಲರೂ ರಾತ್ರಿ ಬಂದು ಬೆಳಗ್ಗೆಗೆ ಕೇಳುತ್ತಾರೆ. ಲೋಕಸಭೆ, ವಿಧಾನಸಭೆ ಚುನಾವಣೆಯಲ್ಲಿ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಂ ಪ್ರಕಾರ ಪ್ರತಿ ಕರಪತ್ರ, ಪೋಸ್ಟರ್ ಮೇಲೆ ಮುದ್ರಕರ ಮತ್ತು ಪ್ರಕಾಶಕರ (ಅಚ್ಚು ಹಾಕಿಸಿದವರ) ಹೆಸರು, ವಿಳಾಸ ಇರಲೇಬೇಕು. ಯಂತ್ರ ಚಾಲೂ ಮಾಡುವ ಮೊದಲು ಪ್ರಕಾಶಕರಿಂದ ಗುರುತಿನ ಘೋಷಣೆಯನ್ನು ಎರಡು ಪ್ರತಿಯಲ್ಲಿ ಪಡೆಯಿರಿ. ಅದಕ್ಕೆ ಅವರ ಸಹಿ, ಅವರನ್ನು ಖುದ್ದಾಗಿ ಬಲ್ಲ ಇಬ್ಬರ ದೃಢೀಕರಣ ಬೇಕು. ಮುದ್ರಣ ಮುಗಿದ 3 ದಿನದೊಳಗೆ ಘೋಷಣೆಯ ಒಂದು ಪ್ರತಿ, ಕರಪತ್ರದ ಪ್ರತಿ, ಎಷ್ಟು ಅಚ್ಚಾಯಿತು, ಎಷ್ಟು ಹಣ ಪಡೆದಿರಿ ಎಂಬ ವಿವರ ಜಿಲ್ಲಾಧಿಕಾರಿ ಕಚೇರಿಗೆ ತಲುಪಬೇಕು. ತಪ್ಪಿದರೆ 6 ತಿಂಗಳವರೆಗೆ ಜೈಲು ಅಥವಾ 2,000 ರೂಪಾಯಿವರೆಗೆ ದಂಡ ಅಥವಾ ಎರಡೂ.

"ಅಭಿಮಾನಿ ಬಳಗ" ಎಂದು ಹಾಕಿ ಕೊಡಿ ಎನ್ನುವವರು ಬರುತ್ತಾರೆ. ಬಳಗಕ್ಕೆ ವಿಳಾಸವೂ ಇರುವುದಿಲ್ಲ, ಸಹಿಯೂ ಇರುವುದಿಲ್ಲ. ಅಭ್ಯರ್ಥಿಯ ಲಿಖಿತ ಒಪ್ಪಿಗೆ ಇಲ್ಲದೆ ಬೇರೆಯವರು ಅವರ ಪರವಾಗಿ ಖರ್ಚು ಮಾಡುವುದೂ ಅಪರಾಧ. ಒಪ್ಪಿಗೆ ಪತ್ರ ತಂದರೆ ಮಾತ್ರ ಕೆಲಸ ಹಿಡಿಯಿರಿ. ಪತ್ರಿಕೆಯವರು ಗಮನಿಸಬೇಕಾದದ್ದು: ಮತದಾನದ ದಿನ ಮತ್ತು ಹಿಂದಿನ ದಿನದ ರಾಜಕೀಯ ಜಾಹೀರಾತಿಗೆ ಮಾಧ್ಯಮ ಪ್ರಮಾಣೀಕರಣ ಸಮಿತಿಯ ಪೂರ್ವಾನುಮತಿ ಬೇಕು. ಕೇಬಲ್ ಚಾನೆಲ್, ಸಾಮಾಜಿಕ ಜಾಲತಾಣದ ರಾಜಕೀಯ ಜಾಹೀರಾತಿಗಂತೂ ಪ್ರಚಾರದ ಎಲ್ಲ ದಿನವೂ ಬೇಕು.

ಸ್ವಂತ ವಾರಪತ್ರಿಕೆ, ಸುದ್ದಿ ಚಾನೆಲ್

ಪತ್ರಿಕೆ ನೋಂದಣಿಯ 1867ರ ಹಳೆಯ ಕಾಯ್ದೆ ಈಗಿಲ್ಲ. 2023ರ ಪತ್ರಿಕೆ ಮತ್ತು ನಿಯತಕಾಲಿಕಗಳ ನೋಂದಣಿ ಕಾಯ್ದೆ 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಶೀರ್ಷಿಕೆ, ನೋಂದಣಿ ಎರಡಕ್ಕೂ ಪ್ರೆಸ್ ಸೇವಾ ಪೋರ್ಟಲ್‌ನಲ್ಲೇ ಅರ್ಜಿ. ಅರ್ಜಿ ಜಿಲ್ಲಾಡಳಿತಕ್ಕೂ ಹೋಗುತ್ತದೆ, ಅಲ್ಲಿಂದ 60 ದಿನದೊಳಗೆ ಅಭಿಪ್ರಾಯ ಬಾರದಿದ್ದರೂ ಪ್ರಧಾನ ರಿಜಿಸ್ಟ್ರಾರ್ ಮುಂದುವರಿಯಬಹುದು. ಹೆಚ್ಚಿನ ಅರ್ಜಿಗಳು ಬಿದ್ದುಹೋಗುವುದು ಶೀರ್ಷಿಕೆಯಲ್ಲಿ. ಅದೇ ಭಾಷೆಯಲ್ಲಿ ಅಥವಾ ಅದೇ ರಾಜ್ಯದಲ್ಲಿ ಅದನ್ನೇ ಹೋಲುವ ಹೆಸರಿದ್ದರೆ ಸಿಗದು. ಇರುವ ಹೆಸರಿಗೆ "ಮಲೆನಾಡು" ಎಂದು ಸೇರಿಸಿದ ಮಾತ್ರಕ್ಕೆ ಹೊಸ ಹೆಸರಾಗುವುದಿಲ್ಲ. ನಾಲ್ಕೈದು ಹೆಸರು ಸಿದ್ಧವಿರಲಿ. ನೋಂದಣಿ ಇಲ್ಲದೆ ಪ್ರಕಟಿಸಿದರೆ 5 ಲಕ್ಷದವರೆಗೆ ದಂಡ. ನೋಂದಣಿ ಆದ ಮೇಲೆ ವಾರ್ಷಿಕ ವಿವರಣೆ ಸಲ್ಲಿಸುವುದನ್ನು ಮರೆಯಬೇಡಿ, ಮೊದಲ ತಪ್ಪಿಗೇ 20,000ದವರೆಗೆ ದಂಡವಿದೆ.

ಯೂಟ್ಯೂಬ್, ವೆಬ್ ಸುದ್ದಿಯವರಿಗೆ 2021ರ ಐಟಿ ನಿಯಮಗಳಿವೆ: ಶುರುವಾದ 30 ದಿನದೊಳಗೆ ಕೇಂದ್ರ ಮಾಹಿತಿ ಮತ್ತು ಪ್ರಸಾರ ಸಚಿವಾಲಯಕ್ಕೆ ವಿವರ, ಒಬ್ಬ ದೂರು ಅಧಿಕಾರಿ, ದೂರಿಗೆ 24 ಗಂಟೆಯಲ್ಲಿ ಸ್ವೀಕೃತಿ, 15 ದಿನದಲ್ಲಿ ಉತ್ತರ. ಹೋಂಸ್ಟೇಗೆ ಹೋಗಿ ಪುಕ್ಕಟೆ ತಂಗಿ ವಿಡಿಯೊ ಮಾಡಿದರೂ "ಜಾಹೀರಾತು" ಎಂದು ವಿಡಿಯೊದ ಮೇಲೇ ಕಾಣುವಂತೆ ಹಾಕಬೇಕು, ಏಕೆಂದರೆ ಪುಕ್ಕಟೆ ಕೋಣೆಯೂ ಪ್ರತಿಫಲವೇ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ಹೆಸರು, ಫೋಟೊ, ಶಾಲೆ, ಮನೆಯವರ ಗುರುತು ಯಾವುದೂ ಬರಕೂಡದು. ನಮ್ಮಂಥ ಸಣ್ಣ ಊರುಗಳಲ್ಲಿ ತೋಟದ ಹೆಸರು ಹೇಳಿದರೂ ಮಗು ಯಾರೆಂದು ಗೊತ್ತಾಗಿಬಿಡುತ್ತದೆ, ಅದನ್ನೂ ಬಿಡಿ.

ಬಿಲ್ಲು

ಪತ್ರಿಕೆಯಲ್ಲಿನ ಜಾಹೀರಾತು ಜಾಗಕ್ಕೆ ಜಿಎಸ್‌ಟಿ 5%, ಹೋರ್ಡಿಂಗ್, ಕೇಬಲ್, ಡಿಜಿಟಲ್‌ಗೆ 18%. ಏಜೆನ್ಸಿ ತಾನೇ ಜಾಗ ಕೊಂಡು ಮಾರಿದರೆ ಪತ್ರಿಕೆ ಜಾಹೀರಾತಿಗೆ 5%, ಕಮಿಷನ್ ಮೇಲೆ ನಡೆಸಿದರೆ ಕಮಿಷನ್‌ಗೆ 18%. ಎರಡನ್ನೂ ಒಂದೇ ಸಾಲಿನಲ್ಲಿ ಬರೆದ ಬಿಲ್ ಆಡಿಟ್‌ನಲ್ಲಿ ನಿಲ್ಲುವುದಿಲ್ಲ, ಬೇರೆ ಬೇರೆ ಸಾಲಿನಲ್ಲಿ ತೋರಿಸಿ. ಒಂದು ಬಿಲ್ 30,000 ಅಥವಾ ವರ್ಷಕ್ಕೆ 1 ಲಕ್ಷ ದಾಟಿದರೆ ಟಿಡಿಎಸ್ (ಹಣ ಕೊಡುವಾಗಲೇ ಹಿಡಿಯುವ ಆದಾಯ ತೆರಿಗೆ) ಹಿಡಿಯಬೇಕಾದ ಪಾರ್ಟಿ ವ್ಯಕ್ತಿಗಳಿಗೆ 1%, ಸಂಸ್ಥೆಗಳಿಗೆ 2% ಕಡಿತ ಮಾಡುತ್ತದೆ. ಅದು ಬಾಕಿಯಲ್ಲ, ಜಗಳಕ್ಕೆ ಹೋಗದೆ ಪ್ರಮಾಣಪತ್ರ ಕೇಳಿ ಪಡೆಯಿರಿ.

ರಿಲೀಸ್ ಆರ್ಡರ್, ಸಹಿಯಾದ ಪ್ರೂಫ್, ಬಿಲ್, ಪ್ರಕಟವಾದ ಪ್ರತಿ ನಾಲ್ಕನ್ನೂ ಒಟ್ಟಿಗೆ ಹೊಲಿದಿಡಿ. ಜಿಎಸ್‌ಟಿ ದಾಖಲೆಯನ್ನು ಆ ವರ್ಷದ ವಾರ್ಷಿಕ ರಿಟರ್ನ್‌ನ ಕೊನೆಯ ದಿನಾಂಕದಿಂದ 72 ತಿಂಗಳು ಇಡಬೇಕು, ಇಡೀ ಫೈಲಿಗೂ ಅದೇ ಲೆಕ್ಕ ಹಿಡಿಯಿರಿ. ಮಳೆಗಾಲದ ಥಂಡಿಗೆ ಥರ್ಮಲ್ ರಸೀದಿಯ ಅಕ್ಷರ ಎರಡೇ ವರ್ಷದಲ್ಲಿ ಮಾಸಿಹೋಗುತ್ತದೆ, ಬಂದ ದಿನವೇ ಜೆರಾಕ್ಸ್ ಮಾಡಿ ಸೇರಿಸಿ.